ನಾನು ಸರಿದರೆ ದಾರಿ ಯಾರಿಗೆ?

ಈ ಗ್ರಂಥಾಲಯದ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ‘ಅಹಂಕಾರದ ಆಚೆಗೆ’ ಎಂಬ ವಿಷಯ ಕೊಟ್ಟಿದ್ದೀರಿ, ಮುಕ್ಕಾಲು ಗಂಟೆ ಎಂದಿದ್ದೀರಿ. ಈ ವಿಷಯಕ್ಕೆ ಅಷ್ಟು ಸಾಲದು. ಆದರೆ ಕಾಸರಗೋಡಿನ ಕೊನೆಯ ಬಸ್ಸು ವೇದಾಂತಕ್ಕಾಗಿ ಕಾಯುವುದಿಲ್ಲ, ಅದು ನಿಮಗೂ ಗೊತ್ತು. ಹಾಗಾಗಿ ಪೀಠಿಕೆ ಬಿಡುತ್ತೇನೆ. ಉಪನಿಷತ್ತು ಏನು ಹೇಳಿತು, ಬುದ್ಧ ಏನು ಹೇಳಿದ, ಶರಣರು ಏನು ಹೇಳಿದರು ಎಂದು ಈ ಸಭೆಗೆ ಮೊದಲಿನಿಂದ ಹೇಳಬೇಕಾಗಿಲ್ಲ.

ಈ ಮಾತು ಈಗಲೇ ಆಡಬೇಕು ಎಂದು ನನಗೆ ಅನ್ನಿಸಿದ್ದಕ್ಕೆ ಕಾರಣ ಇದೆ. ಎಲ್ಲಿ ನೋಡಿದರೂ ಮನಶ್ಶಾಂತಿಯ ಶಿಬಿರ. ಫೋನು ತೆರೆದರೆ ಧ್ಯಾನದ ಆ್ಯಪ್. ತಪ್ಪೇನಿಲ್ಲ, ಬಿ.ಪಿ. ಇಳಿದರೆ ಒಳ್ಳೆಯದೇ. ಆದರೆ ಅಲ್ಲಿ ನಡೆಯುವ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ: ನನ್ನ ಶಾಂತಿ, ನನ್ನ ಅನುಭವ, ನನ್ನ ಬೆಳವಣಿಗೆ, ನನಗೆ ಕಂಡ ಬೆಳಕು. ನಮ್ಮ ಕಡೆಯೇ ನಾನು ಬಲ್ಲ ಒಂದು ಮನೆಯಿದೆ. ಯಜಮಾನರು ಎರಡು ಹೊತ್ತೂ ಜಪಕ್ಕೆ ಕೂರುವವರು. ಆ ನಿಷ್ಠೆಯಲ್ಲಿ ಸುಳ್ಳಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಅಡಕೆ ತೋಟದ ಗಡಿಯ ತಕರಾರಿನಲ್ಲಿ ತಮ್ಮನ ಜತೆ ಮಾತು ಬಿಟ್ಟು ವರ್ಷಗಳಾಗಿವೆ. ಮೊದಲಿದ್ದ ಕಾಲುದಾರಿಗೆ ಬೇಲಿ ಬಿದ್ದಿದೆ. ತಮ್ಮನ ಮನೆಯ ಹೆಂಗಸರು ಬಸ್ಸು ಹಿಡಿಯಬೇಕಾದರೆ ಗುಡ್ಡೆ ಸುತ್ತಿ ಬರಬೇಕು, ಮಳೆಗಾಲದಲ್ಲೂ. ಜಪದ ಕೋಣೆಯ ಕಿಟಕಿಯಿಂದ ಆ ಬೇಲಿ ಚೆನ್ನಾಗಿ ಕಾಣುತ್ತದೆ.

ಆದ್ದರಿಂದ ‘ನಾನು’ ಎಂಬುದನ್ನು ದಾಟಿದೆ, ಕಳೆದುಕೊಂಡೆ, ಕರಗಿಸಿದೆ ಎನ್ನುವವರಲ್ಲಿ ಕೇಳಬೇಕಾದ್ದು ಒಂದೇ ಎಂದು ನನಗೆ ಅನ್ನಿಸುತ್ತದೆ. ನೀವು ಸರಿದಾಗ ದಾರಿ ಸಿಕ್ಕಿದ್ದು ಯಾರಿಗೆ?

ಈ ಪ್ರಶ್ನೆ ನನ್ನದಲ್ಲ. ನಮ್ಮ ಮಣ್ಣಿನದು. ಮನುಷ್ಯನೊಬ್ಬ ವೇಷ ಕಟ್ಟಿ ದೈವವಾಗಿ ಕುಣಿಯುವ ನಮ್ಮ ಕಡೆಯ ತೆಯ್ಯಗಳಲ್ಲಿ ಒಂದಾದ ಪೊಟ್ಟನ್ ತೆಯ್ಯವನ್ನು ನೀವೆಲ್ಲ ನೋಡಿದ್ದೀರಿ. ಮುಖಕ್ಕೆ ಅಡಕೆ ಹಾಳೆಯ ಮುಖವಾಡ, ಮೈಗೆ ಎಳೆ ತೆಂಗಿನ ಗರಿ. ಕೆಂಡದ ರಾಶಿಯ ಮೇಲೆ ಬಿದ್ದುಕೊಂಡು ‘ಚಳಿ, ಚಳಿ’ ಎನ್ನುತ್ತದೆ. ಎಲ್ಲರ ಮೊಬೈಲೂ ಮೇಲೇಳುವುದು ಆಗ. ಅದಕ್ಕೂ ಮುಂಚೆ ತೋಟ್ಟಂ, ಅಂದರೆ ದೈವದ ಕಥೆಯ ಹಾಡು, ಹಾಡುವಾಗ ಅರ್ಧ ಜನ ಚಹಾದ ಅಂಗಡಿಯಲ್ಲಿರುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ. ಬೆಂಕಿ ನೋಡಲು ಓಡೋಡಿ ಬರುತ್ತೇವೆ, ಆ ಬೆಂಕಿಗೆ ಅರ್ಥ ಕೊಡುವ ಮಾತಿಗೆ ನಿಲ್ಲುವುದಿಲ್ಲ.

ಆ ಮಾತು ಯಾವುದು? ಕಥೆ ಗೊತ್ತಿದ್ದದ್ದೇ. ಶಂಕರಾಚಾರ್ಯರು ಬರುತ್ತಿದ್ದಾರೆ, ಎದುರಿಗೆ ಚಂಡಾಲ. ‘ದಾರಿ ಬಿಡು’ ಎನ್ನುತ್ತಾರೆ. ಶಂಕರರದೆನ್ನುವ ಸಂಸ್ಕೃತದ ಐದು ಶ್ಲೋಕಗಳ ಮನೀಷಾಪಂಚಕದ ಹಿಂದಿರುವ ಕಥೆಯಲ್ಲಿ ಇದು ನಡೆಯುವುದು ಕಾಶಿಯಲ್ಲಿ. ಅಲ್ಲಿ ಚಂಡಾಲನ ಪ್ರಶ್ನೆ ತತ್ತ್ವದ್ದು: ಸರಿ ಎಂದದ್ದು ಯಾವುದಕ್ಕೆ, ಅನ್ನದಿಂದಾದ ಈ ದೇಹಕ್ಕೋ, ಒಳಗಿರುವ ಚೈತನ್ಯಕ್ಕೋ? ಅದ್ಭುತವಾದ ಪ್ರಶ್ನೆ. ಆದರೆ ತೆಯ್ಯ ಕಟ್ಟುವ ಸಮುದಾಯಗಳಾದ ನಮ್ಮ ಮಲಯರು, ಪುಲಯರು ಹಾಡಿಕೊಂಡು ಬಂದ ತೋಟ್ಟಂನಲ್ಲಿ ಅದು ಕಾಶಿಯಲ್ಲ, ನಮ್ಮ ಗದ್ದೆ ಬದಿಯ ಓಣಿ. ಅವನು ಹೇಳುವುದೇನು? ಸೊಂಟದಲ್ಲಿ ಮಗುವಿದೆ, ತಲೆಯ ಮೇಲೆ ಕಳ್ಳಿನ ಗಡಿಗೆಯಿದೆ, ನಾನು ಹೇಗೆ ಸರಿಯಲಿ?

ಗಮನಿಸಿ. ಆತ್ಮದ ಮಾತಿಗಿಂತ ಮೊದಲು ಮಗು ಬಂತು. ಅದ್ವೈತದ ತರ್ಕ ಆಮೇಲೆ ಬರುತ್ತದೆ: ನಿನ್ನ ಮೈ ಕಡಿದರೂ ನೆತ್ತರು, ನನ್ನ ಮೈ ಕಡಿದರೂ ನೆತ್ತರು. ನಮ್ಮ ಕುಪ್ಪೆಯಲ್ಲಿ ನೆಟ್ಟ ಬಾಳೆಯ ಹಣ್ಣೇ ತಾನೆ ನಿಮ್ಮ ದೇವರ ಪೂಜೆಗೆ ಹೋಗುವುದು? ಹಾಡುವವರು ಪಂಡಿತರಲ್ಲ. ದಾರಿಯಲ್ಲಿ ಸರಿದು ಸರಿದು ನಿಂತವರ ಮೊಮ್ಮಕ್ಕಳು. ಸರಿಯುವುದರ ಅರ್ಥ ಅವರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ. ತಲೆಮಾರುಗಟ್ಟಲೆ ಬಲವಂತದಿಂದ ಸರಿದವನಿಗೆ ‘ಅಹಂಕಾರ ಬಿಡು’ ಎಂದು ಉಪದೇಶಿಸುವುದು ಅಧ್ಯಾತ್ಮವಲ್ಲ, ಅನ್ಯಾಯ. ಸರಿಯಬೇಕಾದವನು ಓಣಿಯಲ್ಲಿ ಬರಿಗೈಯಲ್ಲಿ ಬರುವವನು. ಕಥೆಯಲ್ಲಿ ಕೊನೆಗೆ ಸರಿದದ್ದು ಶಂಕರರೇ, ಕೈಮುಗಿದದ್ದೂ ಅವರೇ. ಶಂಕರರ ಮೇಲಿನ ನನ್ನ ಗೌರವ ಈ ಕಥೆಯಿಂದ ಹೆಚ್ಚಿತು.

ತೆಯ್ಯದ ಬಗ್ಗೆಯೇ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ನಾನೂ ನೋಡಿದೆ.

ಅಣಿಯರದಲ್ಲಿ, ಅಂದರೆ ವೇಷ ಕಟ್ಟುವ ಚೌಕಿಯಲ್ಲಿ, ಮುಖ ಬರೆಯುವುದನ್ನು ಹತ್ತಿರದಿಂದ ನೋಡಬೇಕು. ತೆಯ್ಯ ಕಟ್ಟುವ ಕೋಲಧಾರಿ ನೆಲದ ಮೇಲೆ ಅಂಗಾತ ಮಲಗಿರುತ್ತಾನೆ. ಇನ್ನೊಬ್ಬ ಅವನ ತಲೆಯ ಬಳಿ ಕೂತು ತೆಂಗಿನ ಗರಿಯ ಕಡ್ಡಿಯಿಂದ ಗೆರೆ ಎಳೆಯುತ್ತಾನೆ. ತಾಸುಗಟ್ಟಲೆ ಅಲುಗಾಡುವಂತಿಲ್ಲ. ಕೆನ್ನೆಯ ಮೇಲೆ ನೊಣ ಕೂತರೂ ಓಡಿಸಬೇಕಾದವನು ಪಕ್ಕದವನು. ಆಮೇಲೆ ಅಂಗಳಕ್ಕೆ ಬಂದು, ತಲೆಗೆ ಮುಡಿ ಎಂಬ ಕಿರೀಟ ಏರಿಸಿ, ಕೈಗೆ ಒಂದು ಸಣ್ಣ ಕನ್ನಡಿ ಕೊಡುತ್ತಾರೆ. ಅದರಲ್ಲಿ ತನ್ನ ಮುಖ ಇರುವುದಿಲ್ಲ, ದೈವದ್ದಿರುತ್ತದೆ. ಚೆಂಡೆ ಏರುತ್ತದೆ, ಮೈ ನಡುಗುತ್ತದೆ, ಆತ ಇನ್ನು ಆತನಲ್ಲ. ಪ್ರಪಂಚದ ತತ್ತ್ವಜ್ಞಾನಿಗಳು ಪುಸ್ತಕ ತುಂಬ ಬರೆದದ್ದನ್ನು ನಮ್ಮ ಅಂಗಳದಲ್ಲಿ ಕೂಲಿ ಕೆಲಸದ ಒಬ್ಬ ಮನುಷ್ಯ ಕೈಯಗಲದ ಕನ್ನಡಿಯಲ್ಲಿ ಮಾಡಿ ತೋರಿಸುತ್ತಾನೆ.

ಅದು ಅಲ್ಲಿಗೇ ನಿಲ್ಲುವುದಿಲ್ಲ, ಅದೇ ಮುಖ್ಯ. ಕುಣಿತ ಮುಗಿದ ಮೇಲೆ ದೈವ ಜನರ ಕೈ ಹಿಡಿಯುತ್ತದೆ. ಒಬ್ಬ ತಾಯಿಯನ್ನು ನಾನು ನೋಡಿದ್ದೇನೆ. ಮಗ ಗಲ್ಫಿನಲ್ಲಿ, ಕೆಲಸ ಹೋಗಿದೆ, ಫೋನಿಲ್ಲ. ಆಕೆ ಏನೂ ಹೇಳಲಿಲ್ಲ, ಕೈ ಚಾಚಿದಳು ಅಷ್ಟೇ. ದೈವ ಆ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ‘ಪೈದಂಙಳೇ’, ಮಕ್ಕಳೇ, ಎಂದು ಶುರುಮಾಡಿ, ‘ಗುಣಂ ವರುಂ’, ಒಳ್ಳೆಯದಾಗುತ್ತದೆ, ಎನ್ನುವವರೆಗೆ ಬಿಡಲಿಲ್ಲ. ಹಿಂದೆ ಉದ್ದ ಸಾಲು. ಸಾಲಿನಲ್ಲಿ ಮುಸ್ಲಿಮರೂ ಇದ್ದರು, ಜಮೀನು ಇದ್ದವರೂ ಇಲ್ಲದವರೂ ಇದ್ದರು. ಪ್ರತಿಯೊಬ್ಬರಿಗೂ ಅಷ್ಟೇ ಹೊತ್ತು. ಆ ಮನುಷ್ಯ ತನ್ನನ್ನು ಬದಿಗಿಟ್ಟದ್ದು ಆನಂದ ಪಡಲಿಕ್ಕಲ್ಲ, ಬೇರೆಯವರ ದುಃಖ ಕೇಳಲಿಕ್ಕೆ. ದಾರಿ ಸಿಕ್ಕಿದ್ದು ಆ ತಾಯಿಗೆ.

ಈಗ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗ. ಕೇಳಿದವರು ಇನ್ನೊಮ್ಮೆ ಕೇಳಬೇಕು. ನಮ್ಮ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಆನಂದಾಶ್ರಮದ ಸ್ವಾಮಿ ರಾಮದಾಸರು. 1884ರಲ್ಲಿ ಅಲ್ಲಿಯದೇ ಹೊಸದುರ್ಗದಲ್ಲಿ ಹುಟ್ಟಿದವರು, ಹೆಸರು ವಿಠಲ ರಾವ್. ಮುಂಬಯಿಯಲ್ಲಿ ಜವಳಿ ತಂತ್ರಜ್ಞಾನ ಓದಿದವರು. ಮಂಗಳೂರಿನಲ್ಲಿ ಸೀರೆಗೆ ಬಣ್ಣ ಹಾಕುವ, ಅಚ್ಚು ಹಾಕುವ ವ್ಯಾಪಾರ ಮಾಡಿದರು, ಅದು ನಡೆಯಲಿಲ್ಲ. ಸಾಲ, ಚಿಂತೆ. ತಂದೆ ಒಂದು ಮಂತ್ರ ಕೊಟ್ಟರು, ಶ್ರೀರಾಮ ಜಯರಾಮ ಜಯಜಯರಾಮ. 1922ರ ಡಿಸೆಂಬರಿನಲ್ಲಿ ಒಂದು ರಾತ್ರಿ ಮನೆ ಬಿಟ್ಟು ಹೊರಟವರು ಶ್ರೀರಂಗದಲ್ಲಿ ಕಾವೇರಿಯಲ್ಲಿ ಮಿಂದು ಕಾವಿ ಉಟ್ಟರು. ಅಲ್ಲಿಂದ ಮುಂದೆ ತನ್ನನ್ನು ಕುರಿತು ಹೇಳುವಾಗಲೂ ‘ರಾಮದಾಸ’ ಎಂದೇ ಹೇಳುತ್ತಿದ್ದರು. ಕೈಯಲ್ಲಿ ಕಾಸಿಲ್ಲ, ರೈಲಿಗೆ ಟಿಕೇಟಿಲ್ಲ. ಟಿಕೇಟು ತಪಾಸಣೆಯವರು ಇಳಿಸಿದರೆ ‘ರಾಮನ ಇಚ್ಛೆ’ ಎಂದು ಇಳಿದು, ಇಳಿದ ಊರನ್ನು ನೋಡಿಕೊಂಡು ಮುಂದೆ ಹೋಗುವುದು.

ಹೀಗೆ ಹೋಗುತ್ತಾ ತಿರುವಣ್ಣಾಮಲೆಗೆ ಬಂದರು. ರಮಣ ಮಹರ್ಷಿಗಳ ದರ್ಶನವಾಯಿತು. ಮಹರ್ಷಿಗಳು ಮಾತಾಡಲಿಲ್ಲ, ನೋಡಿದರು. ಅಲ್ಲಿಂದ ಅರುಣಾಚಲದ ಗುಹೆಯೊಂದರಲ್ಲಿ ಸುಮಾರು ಇಪ್ಪತ್ತು ದಿನ, ಬರೀ ರಾಮನಾಮ. ಹೊರಗೆ ಬಂದಾಗ ಲೋಕವೇ ಬೇರೆ. ಕಂಡದ್ದೆಲ್ಲ ರಾಮ. ಮರ ರಾಮ, ಕಲ್ಲು ರಾಮ. ಮರವನ್ನು ಅಪ್ಪಿಕೊಂಡರು. ಅಷ್ಟರಲ್ಲಿ ಬೆಟ್ಟದ ದಾರಿಯಲ್ಲಿ ಒಬ್ಬ ಮನುಷ್ಯ ಬರುತ್ತಿದ್ದಾನೆ. ತನ್ನ ಪಾಡಿಗೆ ಹೋಗುವವನು, ಪಾಪ. ಇವರು ‘ರಾಮ್’ ಎಂದು ಓಡಿಹೋಗಿ ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟರು. ಅವನ ಎದೆ ಹಾರಿಹೋಯಿತು. ಹುಚ್ಚನ ಕೈಗೆ ಸಿಕ್ಕಿಬಿದ್ದೆ ಎಂದುಕೊಂಡ. ಮುಂದಿನದನ್ನು ರಾಮದಾಸರೇ ನಗುತ್ತಾ ಹೇಳುತ್ತಿದ್ದರಂತೆ. ಈ ಹುಚ್ಚನಿಗೆ ಬಾಯಲ್ಲಿ ಹಲ್ಲಿಲ್ಲ, ಏನೇ ಆದರೂ ಕಚ್ಚುವುದಿಲ್ಲವಲ್ಲ ಎಂದು ಆತನಿಗೆ ಸ್ವಲ್ಪ ಧೈರ್ಯ ಬಂದಿರಬೇಕು, ಎಂದು!

ನಗಬೇಕು, ನಗುವ ಪ್ರಸಂಗವೇ. ಆದರೆ ಸ್ವಲ್ಪ ಯೋಚಿಸಿ. ಜೀವಮಾನದ ಅತಿ ದೊಡ್ಡ ಅನುಭವದ ಗಳಿಗೆ ಅದು. ಬೇರೆಯವರಾಗಿದ್ದರೆ ಬೆಳಕು ಕಂಡಿತು, ನಾದ ಕೇಳಿತು, ಬೆನ್ನುಹುರಿಯಲ್ಲಿ ಹೀಗಾಯಿತು ಎಂದು ಅಧ್ಯಾಯಗಟ್ಟಲೆ ಹೇಳುತ್ತಿದ್ದರು. ಇವರಿಗೆ ನೆನಪಿರುವುದು ದಾರಿಹೋಕನ ಹೆದರಿಕೆ. ಕಥೆಯನ್ನು ಅವನ ಕಣ್ಣಿನಿಂದ ಹೇಳುತ್ತಾರೆ. ಆ ಕಣ್ಣಿಗೆ ತಾನು ಹೇಗೆ ಕಂಡೆ? ಹಲ್ಲಿಲ್ಲದ ಒಬ್ಬ ಹುಚ್ಚ. ಅಹಂಕಾರ ಹೋಯಿತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ಎಲ್ಲದರಲ್ಲೂ ರಾಮನನ್ನು ಕಂಡೆ ಎನ್ನುವ ಮನುಷ್ಯನಿಗೆ, ಆ ರಾಮನಿಗೆ ನನ್ನಿಂದ ಹೆದರಿಕೆಯಾಯಿತೇ ಎಂಬುದೂ ಕಾಣಬೇಕು. ಅವರು 1928ರಲ್ಲಿ ಕಾಸರಗೋಡಿನ ಪಿಲಿಕುಂಜೆಯಲ್ಲಿ ಮೊದಲು ಆಶ್ರಮ ಕಟ್ಟಿದರು, 1931ರಲ್ಲಿ ಕಾಞಂಗಾಡಿಗೆ ಹೋದರು. 1963ರಲ್ಲಿ ತೀರಿಕೊಂಡರು. ನಮ್ಮ ಮಕ್ಕಳು ಆ ಗೇಟಿನ ಮುಂದೆಯೇ ದಿನಾ ರೈಲಿಗೆ ಓಡುತ್ತಾರೆ, ಯಾರು ಎಂದು ಕೇಳಿದರೆ ಗೊತ್ತಿರುವುದಿಲ್ಲ. ಈ ಗ್ರಂಥಾಲಯ ಆ ಬಗ್ಗೆ ಏನಾದರೂ ಮಾಡಬೇಕು.

ಚೀಟಿ ಬಂತು. ಹತ್ತು ನಿಮಿಷ. ಬರೆದುಕೊಂಡು ಬಂದದ್ದರಲ್ಲಿ ಅರ್ಧ ಹಾಗೇ ಇದೆ.

ದ್ವೈತ, ಅದ್ವೈತದ ಬಗ್ಗೆ ಒಂದು ಭಾಗವನ್ನೇ ಇಟ್ಟುಕೊಂಡಿದ್ದೆ. ಚೆರ್ಕಳ ದಾಟಿದರೆ ಎಡನೀರು, ತೋಟಕಾಚಾರ್ಯರ ಪರಂಪರೆಯ ಅದ್ವೈತ ಪೀಠ. ಈ ಕಡೆ ಕಾವುಗೋಳಿ, ತ್ರಿವಿಕ್ರಮ ಪಂಡಿತಾಚಾರ್ಯರ ನೆಲ. ಜೀವ ಬ್ರಹ್ಮದಲ್ಲಿ ಒಂದಾಗುತ್ತದೆ ಎಂದು ಆ ಅದ್ವೈತಿಗಳು, ಎಂದೆಂದಿಗೂ ಬೇರೆಯೇ ಎಂದು ಈ ದ್ವೈತಿಗಳು. ವಾದ ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ. ಆದರೆ ತ್ರಿವಿಕ್ರಮರ ನಡತೆ ನೋಡಿ. ಹದಿಮೂರನೆಯ ಶತಮಾನ, ಕುಂಬಳೆಯ ಜಯಸಿಂಹ ರಾಜನ ಕಾಲ. ಅದ್ವೈತದಲ್ಲಿ ಎತ್ತಿದ ಕೈ ಎನಿಸಿಕೊಂಡ ವಿದ್ವಾಂಸ ಮಧ್ವಾಚಾರ್ಯರ ಜತೆ ದಿನಗಟ್ಟಲೆ ವಾದಿಸಿ, ಕೊನೆಗೆ ಎಲ್ಲರ ಎದುರು ಒಪ್ಪಿ ಶಿಷ್ಯನಾದರು. ಶಿಷ್ಯನಾದ ಮೇಲೆ ಸುಮ್ಮನೆ ಕೂರಲಿಲ್ಲ. ಬ್ರಹ್ಮಸೂತ್ರಕ್ಕೆ ಗುರು ಬರೆದ ಭಾಷ್ಯಕ್ಕೆ ಟೀಕೆ, ಅಂದರೆ ವಿವರಣೆ, ಬರೆದರು, ಇನ್ನೂ ವಿಸ್ತಾರವಾಗಿ ಬರೆಯಿರಿ ಎಂದು ಗುರುವನ್ನೇ ಒತ್ತಾಯಿಸಿದರು, ಮಧ್ವರ ಅನುವ್ಯಾಖ್ಯಾನ ಎಂಬ ಗ್ರಂಥ ಹುಟ್ಟಿತು. ಜೀವ ಕರಗುವುದಿಲ್ಲ ಎನ್ನುವ ಸಿದ್ಧಾಂತಕ್ಕಾಗಿ ತನ್ನ ಪಾಂಡಿತ್ಯದ ಅಭಿಮಾನವನ್ನು ಕರಗಿಸಿದವರು ಅವರು. ತಾಳಮದ್ದಳೆ ಬಲ್ಲ ಊರು ನಮ್ಮದು, ಸಭೆಯಲ್ಲಿ ಎದುರಾಳಿಯ ಮಾತು ಒಪ್ಪುವುದು ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕೆ?

ಯೋಗಸೂತ್ರ ಬರೆದ ಪತಂಜಲಿಯ ವಿಷಯ ಎರಡೇ ಮಾತು. ಅಸ್ಮಿತೆ, ಅಂದರೆ ‘ನಾನು’ ಎಂಬ ಅಂಟು, ಅವನ ಐದು ಕ್ಲೇಶಗಳಲ್ಲಿ ಒಂದು, ಇದು ಎಲ್ಲರಿಗೂ ಗೊತ್ತು. ಆದರೆ ಮೊದಲನೆಯ ಪಾದದಲ್ಲಿ ಮನಸ್ಸು ತಿಳಿಯಾಗುವ ಉಪಾಯ ಹೇಳುವಾಗ ಯಾವುದು ಮೊದಲು ಬರುತ್ತದೆ? ಉಸಿರಲ್ಲ. ಸುಖದಲ್ಲಿರುವವರ ಜತೆ ಮೈತ್ರಿ, ದುಃಖದಲ್ಲಿರುವವರ ಮೇಲೆ ಕರುಣೆ, ಒಳ್ಳೆಯವರನ್ನು ಕಂಡು ಸಂತೋಷ, ಕೆಟ್ಟವರ ಬಗ್ಗೆ ಉಪೇಕ್ಷೆ. ಉಸಿರಿನ ಮಾತು ಮುಂದಿನ ಸೂತ್ರದಲ್ಲಿ. ಶಿಬಿರಗಳಲ್ಲಿ ಮೂವತ್ತನಾಲ್ಕನೆಯ ಸೂತ್ರದಿಂದ ಪಾಠ ಶುರುವಾಗುತ್ತದೆ, ಮೂವತ್ತಮೂರು ಬಿಟ್ಟುಹೋಗಿದೆ. ಪಕ್ಕದ ಮನೆಯವನು ಹೊಸ ಕಾರು ತಂದಾಗ ಸಂತೋಷಪಡುವುದು ಪ್ರಾಣಾಯಾಮಕ್ಕಿಂತ ಕಷ್ಟ, ಆದ್ದರಿಂದಲೇ ಅದು ಮೊದಲು ಬಂತು.

ಬೌದ್ಧರ ಅನಾತ್ಮವಾದ ಇಂದಿಗೆ ಇಲ್ಲ. ಅದಕ್ಕೆ ಇನ್ನೊಂದು ಸಂಜೆ ಬೇಕು.

ಉಳಿದ ಸಮಯವನ್ನು ಒಂದು ಕಠಿಣ ವಿಷಯಕ್ಕೆ ಕೊಡುತ್ತೇನೆ. ಇದನ್ನು ಬಿಟ್ಟು ಹೋದರೆ ಇಷ್ಟು ಹೊತ್ತು ಆಡಿದ ಮಾತಿಗೆ ಪ್ರಾಮಾಣಿಕತೆ ಇರುವುದಿಲ್ಲ. ರಾಮದಾಸರು ಮನೆ ಬಿಟ್ಟಾಗ ಮನೆಯಲ್ಲಿ ಹೆಂಡತಿ ರುಕ್ಮಾಬಾಯಿ ಇದ್ದರು, ಮಗಳು ರಮಾಬಾಯಿ ಇದ್ದಳು. ಹೆಂಡತಿಗೆ ಒಂದು ಪತ್ರ ಬರೆದಿಟ್ಟು ಹೋದರು: ಇನ್ನು ಮೇಲೆ ನೀನು ನನಗೆ ಸಹೋದರಿ ಎಂದು. ಮುಂದೆ ಮಂಗಳೂರಿಗೆ ಮರಳಿ ಕದ್ರಿಯ ಗುಹೆಯಲ್ಲಿ ಇದ್ದಾಗ ಆಕೆ ಬಂದು ಮನೆಗೆ ಕರೆದರು. ಅವರು ಹೋಗಲಿಲ್ಲ. ವ್ಯಾಪಾರ ಮುಳುಗಿದ ಮನೆ, ಬೆಳೆಯುತ್ತಿರುವ ಮಗಳು. ರಾಮದಾಸರ ಕಡೆಯ ಕಥೆಯನ್ನು ಅವರೇ ಬರೆದಿದ್ದಾರೆ, ನಾವು ಕಣ್ಣೀರು ಹಾಕಿಕೊಂಡು ಓದುತ್ತೇವೆ. ಬೆಟ್ಟದ ದಾರಿಹೋಕನ ಹೆದರಿಕೆ ಕಂಡ ಆ ಕಣ್ಣಿಗೆ ಬೆಳಗ್ಗೆ ಎದ್ದು ಆ ಪತ್ರ ಓದಿದವರ ಮುಖವೂ ಕಂಡಿರಲೇಬೇಕು ಎಂದು ನಾನು ನಂಬುತ್ತೇನೆ. ಆದರೆ ಆಕೆ ಬರೆದದ್ದನ್ನು ನಾನು ಎಲ್ಲೂ ಓದಿಲ್ಲ. ರಾಮದಾಸರನ್ನು ನಾನು ಪೂಜಿಸುತ್ತೇನೆ. ಪೂಜಿಸುತ್ತಲೇ ಕೇಳುತ್ತೇನೆ: ಅವರು ಸರಿದಾಗ ಸಾವಿರಾರು ಜನರಿಗೆ ದಾರಿಯಾಯಿತು, ರುಕ್ಮಾಬಾಯಿಗೆ?

ಲೋಕಕ್ಕೆ ಸಿಕ್ಕಿದ್ದರ ಲೆಕ್ಕ ಮುಂದಿಟ್ಟು ಆಕೆಯ ಲೆಕ್ಕ ಹೊಡೆದುಹಾಕಲು ನನಗೆ ಮನಸ್ಸು ಬರುವುದಿಲ್ಲ. ಬುದ್ಧನ ಯಶೋಧರೆಯಿಂದ ಈ ಕಡೆಗೆ ಇದೇ ಪ್ರಶ್ನೆ, ಉತ್ತರ ಕೊಡುವವರು ಯಾವಾಗಲೂ ಗಂಡಸರು. ಚರ್ಚೆಗೆ ಇದನ್ನೇ ಇಡುತ್ತೇನೆ. ಅಧ್ಯಕ್ಷರ ಅನುಮತಿ ಇದ್ದರೆ ಮುಂದಿನ ಸಾಲಿನ ನಾವೆಲ್ಲ ಸ್ವಲ್ಪ ಹೊತ್ತು ಸುಮ್ಮನಿರೋಣ. ಹಿಂದೆ ಕೂತ ಅಮ್ಮಂದಿರು, ಅಕ್ಕಂದಿರು ಮೊದಲು ಮಾತಾಡಲಿ. ಮೈಕ್ ಅಲ್ಲಿಗೆ ಕೊಡಿ.