ಫಾರ್ಮ್ಯಾಟ್ ಹೊಡೆಸಿದರೂ ವೈರಸ್ ಯಾಕೆ ವಾಪಸ್ ಬರುತ್ತದೆ?

ನಮಸ್ಕಾರ. ಶಿರಸಿ ಹತ್ತಿರದ ನಮ್ಮ ಮನೆಯಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ. ನಡುವೆ ಅದರ ಸದ್ದು ಕೇಳಿಸಬಹುದು, ಸ್ವಲ್ಪ ಸುಧಾರಿಸಿಕೊಳ್ಳಿ.

ನನ್ನ ತಂಗಿ ಬಿಸಿಎ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಲ್ಯಾಪ್‌ಟಾಪ್‌ಗೆ ಒಂದೇ ತಿಂಗಳಲ್ಲಿ ಎರಡು ಸಲ ಅಂಗಡಿಯಲ್ಲಿ ಫಾರ್ಮ್ಯಾಟ್ ಹೊಡೆಸಿದೆವು. ಸಲಕ್ಕೆ 600 ರೂಪಾಯಿ. ಮೊದಲನೇ ಸಲ ನಾಲ್ಕು ದಿನಕ್ಕೆ ವೈರಸ್ ವಾಪಸ್ ಬಂತು. ಎರಡನೇ ಸಲ ಮರುದಿನವೇ ಬಂತು. "ಅಣ್ಣಾ, ಮತ್ತೆ ಅದೇ" ಅಂತ ಲ್ಯಾಪ್‌ಟಾಪ್ ತಂದು ಜಗಲಿ ಮೇಲೆ ಇಟ್ಟಾಗ ಅವಳ ಕಣ್ಣಲ್ಲಿ ನೀರಿತ್ತು. ಪ್ರಾಜೆಕ್ಟ್ ಕೊಡಲು ಹನ್ನೊಂದು ದಿನ ಉಳಿದಿತ್ತು.

ಆ ರಾತ್ರಿ ನಾನೇ ಕೂತು ನೋಡಿದೆ. ವಿಂಡೋಸ್ ಸೆಕ್ಯುರಿಟಿ ತೆರೆದರೆ ಎಲ್ಲಾ ಹಸಿರು. ತೊಂದರೆ ಏನೂ ಇಲ್ಲ ಅನ್ನುತ್ತಿತ್ತು. ಆದರೆ ಸೆಟ್ಟಿಂಗ್ಸ್ ಒಳಗೆ ಕೆಳಗೆ ಹೋದರೆ 'ಎಕ್ಸ್‌ಕ್ಲೂಷನ್ಸ್' ಅಂತ ಒಂದು ಪಟ್ಟಿ ಇರುತ್ತದೆ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಯಾವ ಜಾಗವನ್ನು ನೋಡಬಾರದು ಅಂತ ಅಲ್ಲಿ ಬರೆದಿರುತ್ತದೆ. ಅದರಲ್ಲಿ ಡಿಸ್ಕ್‌ನ ಎರಡು ಭಾಗಗಳಾದ ಸಿ ಡ್ರೈವ್, ಡಿ ಡ್ರೈವ್ ಎರಡೂ ಇದ್ದವು! ಅಂದರೆ ಕಾವಲುಗಾರನಿಗೆ ಇಡೀ ಮನೆಯನ್ನೇ ನೋಡಬೇಡ ಅಂತ ಹೇಳಿಟ್ಟಂತೆ.

ಯಾರು ಹಾಗೆ ಮಾಡಿದ್ದು? ಫಾರ್ಮ್ಯಾಟ್ ಮಾಡಿದವರು. ಅವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಅವರು ಹಾಕಿದ್ದು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದೆ ಓಡಿಸುವ ವಿಂಡೋಸ್. ಅದನ್ನು ಆಕ್ಟಿವೇಟ್ ಮಾಡುವ ಕಳ್ಳ ಸಾಫ್ಟ್‌ವೇರನ್ನು ಡಿಫೆಂಡರ್ ಹಿಡಿಯುತ್ತದೆ. ಹಿಡಿಯಬಾರದು ಅಂತ ಡಿಫೆಂಡರ್ ಕಣ್ಣಿಗೇ ಬಟ್ಟೆ ಕಟ್ಟಿಬಿಟ್ಟರು.

ನನಗೆ ತುಂಬಾ ಬೇಜಾರಾದದ್ದು ಇದಕ್ಕೇ. ಆ ಲ್ಯಾಪ್‌ಟಾಪ್ ಕೊಂಡಾಗ ಅಸಲಿ ವಿಂಡೋಸ್ ಹೋಮ್ ಜೊತೆಗೇ ಬಂದಿತ್ತು. ಅಪ್ಪಯ್ಯ ಅದಕ್ಕೂ ಸೇರಿಸಿಯೇ ದುಡ್ಡು ಕೊಟ್ಟಿದ್ದರು. ವಿಂಡೋಸ್ 8 ಬಂದ ಮೇಲೆ, ಅಂದರೆ 2012ರಿಂದ ಈಚೆಗೆ, ಕಂಪನಿಯವರೇ ವಿಂಡೋಸ್ ಹಾಕಿ ಕೊಡುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಕೀ ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಕೂತಿರುತ್ತದೆ. ಡಿಸ್ಕ್ ಪೂರ್ತಿ ಅಳಿಸಿದರೂ ಅದು ಹೋಗುವುದಿಲ್ಲ. ಅದೇ ಹೋಮ್ ಎಡಿಷನ್ ಮತ್ತೆ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ನಾವು ದುಡ್ಡು ಕೊಟ್ಟು ತಂದ ಅಸಲಿಯನ್ನು ತೆಗೆದು, ಮತ್ತೆ 600 ರೂಪಾಯಿ ಇಸಿದುಕೊಂಡು ನಕಲಿ ಹಾಕಿದ್ದಾರೆ. ನಮಗೆ ಗೊತ್ತಿರಲಿಲ್ಲ, ಸುಮ್ನೆ ತಲೆ ಆಡಿಸಿ ಬಂದೆವು.

ಎಕ್ಸ್‌ಕ್ಲೂಷನ್ ತೆಗೆದು ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ಇದು ವಿಂಡೋಸ್ ಜೊತೆಗೇ ಬರುತ್ತದೆ, ದುಡ್ಡು ಬೇಡ. 'ಸ್ಕ್ಯಾನ್ ಆಪ್ಷನ್ಸ್' ಒಳಗಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ. ವೈರಸ್ ಇನ್ನೂ ಎದ್ದಿರದ ಹೊತ್ತು ಅದು. ಸುಮಾರು ಕಾಲು ಗಂಟೆ ಸಾಕು. ಆಮೇಲೆ ಫುಲ್ ಸ್ಕ್ಯಾನ್ ಹಾಕಿ ಮಲಗಿದೆ. ಬೆಳಿಗ್ಗೆ ಹೆಸರು ಕಂಡಿತು: ರಾಮ್ನಿಟ್.

ಇದು 2010ರಲ್ಲಿ ಮೊದಲು ಕಾಣಿಸಿಕೊಂಡ ವೈರಸ್. 2015ರ ಫೆಬ್ರವರಿಯಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮುಂದೆ ನಿಂತು, ಇದನ್ನು ದೂರದಿಂದ ನಡೆಸುತ್ತಿದ್ದ ಸರ್ವರ್‌ಗಳನ್ನು ಮುಚ್ಚಿಸಿತು. ಅಷ್ಟರಲ್ಲಿ ಅಂದಾಜು 32 ಲಕ್ಷ ಕಂಪ್ಯೂಟರ್‌ಗಳಿಗೆ ತಗುಲಿತ್ತು. ಸರ್ವರ್ ಹೋದರೂ ವೈರಸ್ ಹೋಗಲಿಲ್ಲ. ಯಾಕೆಂದರೆ ಅದು ಒಂದು ಫೈಲ್ ಆಗಿ ಮೂಲೆಯಲ್ಲಿ ಕೂರುವ ಜಾತಿಯಲ್ಲ. ಪ್ರೋಗ್ರಾಂಗಳ ಇಎಕ್ಸ್‌ಇ, ಡಿಎಲ್‌ಎಲ್, ವೆಬ್ ಪುಟಗಳ ಎಚ್‌ಟಿಎಂಎಲ್ ಫೈಲ್‌ಗಳ ಒಳಗೇ ಸೇರಿಕೊಳ್ಳುತ್ತದೆ. ಪೆನ್‌ಡ್ರೈವ್ ಹತ್ತಿ ಇನ್ನೊಂದು ಮನೆಗೆ ಹೋಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಇರುವುದಿಲ್ಲ, ಕರೆಂಟ್ ಇರುವುದಿಲ್ಲ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವೇ ಹೋಗಬೇಕು, ಮದುವೆ ಫೋಟೋ ಬರುವುದೂ ಪೆನ್‌ಡ್ರೈವಲ್ಲೇ. ವೈರಸ್‌ಗೆ ಇದಕ್ಕಿಂತ ಒಳ್ಳೇ ದಾರಿ ಬೇಕಾ?

ಈಗ ಡಿ ಡ್ರೈವ್ ವಿಷಯ. ಅಂಗಡಿಯಲ್ಲಿ ಕೇಳುತ್ತಾರಲ್ಲ, "ಡಿ ಡ್ರೈವ್ ಡೇಟಾ ಹಾಗೇ ಇಡ್ಲಾ?" ಅಂತ. ನಾವು ಹೂಂ ಅನ್ನುತ್ತೇವೆ. ಸಿ ಮಾತ್ರ ಫಾರ್ಮ್ಯಾಟ್ ಆಗುತ್ತದೆ. ತಂಗಿಯ ಡಿ ಡ್ರೈವಲ್ಲಿ ಹಳೆಯ ಪ್ರಿಂಟರ್ ಡ್ರೈವರ್, ಎರಡು ಗೇಮ್, ಯಾರೋ ಕೊಟ್ಟ ಸಾಫ್ಟ್‌ವೇರ್ ಸೆಟಪ್‌ಗಳು ಇದ್ದವು. ಬಹುತೇಕ ಎಲ್ಲದರಲ್ಲೂ ರಾಮ್ನಿಟ್ ಕೂತಿತ್ತು. ಹೊಸ ವಿಂಡೋಸ್ ಬಂದ ಮೇಲೆ ಅವಳು ಮೊದಲು ಮಾಡಿದ ಕೆಲಸವೇ ಅಲ್ಲಿಂದ ಪ್ರಿಂಟರ್ ಡ್ರೈವರ್ ಹಾಕಿದ್ದು. ಅಷ್ಟೇ ಸಾಕಾಯಿತು.

ಅಡಿಕೆ ತೋಟ ಇದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೊಳೆ ರೋಗ ಬಂದಾಗ ಮರ ಹತ್ತಿಸಿ ಅಡಿಕೆ ಗೊನೆಗಳಿಗೆ ಬೋರ್ಡೋ ಔಷಧಿ ಹೊಡೆಸುತ್ತೇವೆ. ಆದರೆ ಅಪ್ಪಯ್ಯ ಅದಕ್ಕೂ ಮೊದಲು ಬುಡದಲ್ಲಿ ಉದುರಿದ ಕೊಳೆ ಅಡಿಕೆಯನ್ನೆಲ್ಲ ಹೆಕ್ಕಿಸಿ ತೋಟದ ಹೊರಗೆ ಹಾಕಿಸುತ್ತಾರೆ. ಅದು ಅಲ್ಲೇ ಬಿದ್ದಿದ್ದರೆ ಮುಂದಿನ ಜಡಿಮಳೆಗೆ ರೋಗ ಮತ್ತೆ ಏಳುತ್ತದೆ. ಡಿ ಡ್ರೈವಲ್ಲಿ ಉಳಿದ ಸೆಟಪ್ ಫೈಲ್‌ಗಳು ಆ ಉದುರಿದ ಅಡಿಕೆ ಇದ್ದ ಹಾಗೆ.

ಎಲ್ಲಾ ವೈರಸ್‌ಗೂ ಪೂರ್ತಿ ಅಳಿಸಬೇಕು ಅಂತ ಇಲ್ಲ. ಬ್ರೌಸರ್‌ನಲ್ಲಿ ಜಾಹೀರಾತು ತುಂಬುವಂಥದ್ದಾದರೆ ಗೊತ್ತಿಲ್ಲದ ಎಕ್ಸ್‌ಟೆನ್ಷನ್ ತೆಗೆದು ಸ್ಕ್ಯಾನ್ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ. ಆದರೆ ಫೈಲ್ ಒಳಗೆ ಸೇರುವ ಜಾತಿ, ಒಮ್ಮೆ ತೆಗೆದ ಮೇಲೂ ವಾಪಸ್ ಬಂದದ್ದು ಅಂತಾದರೆ, ದಯವಿಟ್ಟು ಅದರ ಜೊತೆ ಗುದ್ದಾಡುತ್ತಾ ವಾರ ಕಳೆಯಬೇಡಿ. ಸಾವಿರ ಫೈಲ್ ಶುದ್ಧ ಮಾಡಿ ಒಂದು ಬಿಟ್ಟರೂ ಮುಗಿಯಿತು. ನಿಮ್ಮದು ಅನ್ನುವುದನ್ನಷ್ಟೇ ಹೊರಗೆ ತೆಗೆಯಿರಿ: ಫೋಟೋ, ವರ್ಡ್, ಎಕ್ಸೆಲ್, ಪಿಡಿಎಫ್. ಒಂದೇ ಒಂದು ಸೆಟಪ್ ಫೈಲ್ ಕೂಡ ಬೇಡ, ಅದು ಮತ್ತೆ ಸಿಗುತ್ತದೆ. ಆಮೇಲೆ ಸಿ, ಡಿ ಎಲ್ಲಾ ಪಾರ್ಟಿಷನ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ.

ನಾವು ಹಾಗೇ ಮಾಡಿದೆವು. ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡಿಕೊಡುವ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಪುಕ್ಕಟೆ ಸಿಗುತ್ತದೆ, 8 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದು ಬೇಕು. ಆದರೆ ಡೌನ್‌ಲೋಡ್ ಸುಮಾರು 5 ಜಿಬಿ. ನಮ್ಮ ಮನೆಯ ನೆಟ್ಟಲ್ಲಿ ಅದು ಆಗದ ಮಾತು. ಪೇಟೆಯಲ್ಲಿ ಗೆಳೆಯನ ಮನೆಗೆ ಹೋಗಿ, ವೈರಸ್ ಇಲ್ಲದ ಅವನ ಕಂಪ್ಯೂಟರ್‌ನಲ್ಲಿ ಮಾಡಿಕೊಂಡು ಬಂದೆ. ಹೊಸ ವಿಂಡೋಸ್ ಹಾಕುವಾಗ ಕೀ ಕೇಳಲೇ ಇಲ್ಲ. ಹೋಮ್ ಅಂತ ತಾನೇ ಗುರುತಿಸಿತು.

ಉಳಿದದ್ದು ಅವಳ ಪ್ರಾಜೆಕ್ಟ್. ಅದು ವೆಬ್‌ಸೈಟ್, ಎಲ್ಲಾ ಎಚ್‌ಟಿಎಂಎಲ್. ರಾಮ್ನಿಟ್ ಅದನ್ನೂ ಬಿಟ್ಟಿರಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆವು. ಅವಳು ಬರೆದದ್ದು ಮುಗಿದ ಮೇಲೆ ಕೆಳಗೆ ವಿಬಿಸ್ಕ್ರಿಪ್ಟ್ ಅನ್ನುವ ಭಾಷೆಯ ಕೋಡಿನ ಒಂದು ತುಂಡು, ಅದರೊಳಗೆ ಪುಟಗಟ್ಟಲೆ ಅಂಕಿ ಅಕ್ಷರ. ಇಡೀ ವೈರಸ್ಸನ್ನೇ ಅಕ್ಷರ ಮಾಡಿ ಅಂಟಿಸಿತ್ತು. ನೋಟ್‌ಪ್ಯಾಡ್‌ನಲ್ಲಿ ಅದು ಬರೀ ಬರಹ, ಓಡುವುದಿಲ್ಲ. ಒಂದೊಂದೇ ಫೈಲಿನ ಬಾಲ ಕತ್ತರಿಸಿ ಸೇವ್ ಮಾಡಿದೆವು. ನಲವತ್ತು ಫೈಲ್. ಆಯಿ ಎರಡು ಸಲ ಚಹಾ ತಂದುಕೊಟ್ಟಳು. ಒಂದು ಸಾಲೂ ಹೋಗಲಿಲ್ಲ, ಪ್ರಾಜೆಕ್ಟ್ ಸಮಯಕ್ಕೆ ಸರಿಯಾಗಿ ಕೊಟ್ಟಳು.

ಇನ್ನೊಂದು ಮಾತು. ರಾಮ್ನಿಟ್ ಪಾಸ್‌ವರ್ಡ್ ಕದಿಯುವ ವೈರಸ್ ಕೂಡ ಹೌದು. ಅದಕ್ಕೇ ಜಿಮೇಲ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲಾ ಫೋನಿಂದ ಬದಲಾಯಿಸಿದೆವು. ರೋಗ ಇರುವ ಲ್ಯಾಪ್‌ಟಾಪಲ್ಲೇ ಬದಲಾಯಿಸಿದರೆ ಹೊಸದನ್ನೂ ಕೊಟ್ಟ ಹಾಗೆ ಆಗುತ್ತದೆ, ಅಲ್ವಾ? ಖಾತೆಯಿಂದ ದುಡ್ಡು ಹೋಗಿದ್ದರೆ ಕಾಯಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಂಗಡಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಎಲ್ಲರಿಗೂ ಇದನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ. ಆದರೆ ಕೊಡುವಾಗ ಬಾಯಿಬಿಟ್ಟು ಹೇಳಿ: ಇದರ ಜೊತೆ ಬಂದ ವಿಂಡೋಸನ್ನೇ ಹಾಕಿ, ಕ್ರ್ಯಾಕ್ ಬೇಡ, ಡಿ ಡ್ರೈವನ್ನೂ ಅಳಿಸಿ. ವಾಪಸ್ ತಂದ ಮೇಲೆ ಆ ಎಕ್ಸ್‌ಕ್ಲೂಷನ್ ಪಟ್ಟಿ ಖಾಲಿ ಇದೆಯಾ ಅಂತ ನೀವೇ ತೆರೆದು ನೋಡಿ.

ಮನೆಯ ಪೆನ್‌ಡ್ರೈವ್‌ಗಳನ್ನೂ ಅದೇ ದಿನ ಹುಡುಕಿದೆವು. ಆರು ಸಿಕ್ಕವು. ಒಂದು ಅಪ್ಪಯ್ಯನ ಅಡಿಕೆ ಲೆಕ್ಕದ ಚೀಲದಲ್ಲಿತ್ತು. ಮೂರರಲ್ಲಿ ಯಾರೂ ಮಾಡದ ಶಾರ್ಟ್‌ಕಟ್‌ಗಳು ಕೂತಿದ್ದವು, ವೈರಸ್ ಹತ್ತಿದ್ದರ ಗುರುತು ಅದು. ಏಳನೆಯದು ಕುಮಟೆಯ ಅತ್ತೆಯ ಹತ್ತಿರ ಇದೆ, ಉಪನಯನದ ಫೋಟೋ ಅಂತ ತೆಗೆದುಕೊಂಡು ಹೋಗಿದ್ದಾರೆ. ಯಾವ ಕಂಪ್ಯೂಟರಿಗೂ ಹಾಕಬೇಡಿ ಅಂತ ಫೋನ್ ಮಾಡಿ ಹೇಳಿದ್ದೇನೆ. ಈ ಭಾನುವಾರ ದೇವಿಮನೆ ಘಟ್ಟ ಇಳಿದು ಹೋಗಿ ತರುತ್ತೇನೆ.