ಮೇಲಿನ ಮನೆ ಅಲುಗಬಾರದು: ನೆಲದಡಿಯ ರೈಲು ನಿಲ್ದಾಣ ಕಟ್ಟುವ ಬಗೆ

(ವಿಜಯಪುರದಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ಶರಣು. ಬಾಗಿಲ ಹತ್ತಿರ ನಿಂತವರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ನಾನು ಇದೇ ಊರಿನವನು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಮೆಟ್ರೊ ಸುರಂಗದ ಕೆಲಸದಲ್ಲಿದ್ದೆ. ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ. "ಅಷ್ಟು ದೊಡ್ಡ ಮಷಿನ್ ಒಳಗೆ ಹ್ಯಾಂಗ ಇಳಸ್ತೀರಿ, ಹ್ಯಾಂಗ ಕೊರೀತೀರಿ?" ಹೇಳುತ್ತೇನೆ. ಆದರೆ ಕೊರೆಯುವುದು ಕೆಲಸದ ಅರ್ಧ ಮಾತ್ರ. ಉಳಿದರ್ಧ, ನನ್ನ ಲೆಕ್ಕದಲ್ಲಿ ಜಾಸ್ತಿ ಕಷ್ಟದ ಅರ್ಧ, ಮೇಲಿರುವುದನ್ನು ಅಲುಗದ ಹಾಗೆ ಕಾಯುವುದು. ಕೆಳಗೆ ಸುರಂಗ ಹಾದುಹೋದದ್ದು ಮೇಲೆ ಕೂತು ಚಹಾ ಕುಡಿಯುವವರಿಗೆ ಗೊತ್ತೇ ಆಗಬಾರದು. ಇವತ್ತು ಅದನ್ನೇ ಹೇಳಲು ಬಂದಿದ್ದೇನೆ.

ನಾನು ಹೇಳುವ ಉದಾಹರಣೆಗಳಲ್ಲಿ ಕೆಲವು ಮೆಟ್ರೊದವು, ಕೆಲವು ಲೈಟ್ ರೈಲಿನವು. ಹಾಗಾಗಿ ಮೊದಲು ಲೈಟ್ ರೈಲ್ ಅಂದರೇನು ಅಂತ ನೋಡೋಣ. ಹಗುರ ರೈಲು. ಟ್ರಾಮಿಗಿಂತ ದೊಡ್ಡದು, ಮೆಟ್ರೊಗಿಂತ ಚಿಕ್ಕದು. ಹುಬ್ಬಳ್ಳಿ–ಧಾರವಾಡದಲ್ಲಿ ಚಿಗರಿ ಬಸ್ಸಿಗೆ ನಡುರಸ್ತೆಯಲ್ಲಿ ಬೇರೆ ದಾರಿ ಮಾಡಿಕೊಟ್ಟಿದ್ದಾರಲ್ಲ, ಅಲ್ಲಿ ಹಳಿ ಇದೆ ಅಂದುಕೊಳ್ಳಿ. ಜಾಗ ಇರುವ ಕಡೆ ನೆಲದ ಮೇಲೆ ಓಡುತ್ತದೆ. ಊರ ನಡುವೆ ಜಾಗ ಸಿಗದಿದ್ದರೆ ನೆಲದ ಕೆಳಗೆ ಇಳಿಯುತ್ತದೆ. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಇಂಥ ಮಾರ್ಗ ಶುರುವಾಯಿತು. 12.5 ಕಿ.ಮೀ. ಉದ್ದ, 13 ನಿಲ್ದಾಣ. ಅದರಲ್ಲಿ ಸುರಂಗ ಬರೀ 2.5 ಕಿ.ಮೀ., ನೆಲದಡಿಯ ನಿಲ್ದಾಣ ಮೂರೇ. ಯಾಕೆ ಇಷ್ಟು ಕಡಿಮೆ? ಕಂಬದ ಮೇಲಿನ ದಾರಿಗಿಂತ ನೆಲದಡಿಯ ದಾರಿಗೆ ಎರಡು ಮೂರು ಪಟ್ಟು ಖರ್ಚು ಬರುತ್ತದೆ. ಬೇರೆ ದಾರಿಯೇ ಇಲ್ಲ ಅನ್ನುವ ಕಡೆ ಮಾತ್ರ ಕೆಳಗೆ ಇಳಿಯುತ್ತಾರೆ. ಇಳಿದ ಮೇಲೆ ಮೆಟ್ರೊ ಆಗಲಿ, ಹಗುರ ರೈಲಾಗಲಿ, ಕಟ್ಟುವ ರೀತಿ ಹೆಚ್ಚು ಕಡಿಮೆ ಒಂದೇ.

ನಿಲ್ದಾಣ ಅಂದರೆ ನೆಲದಲ್ಲಿ ಹುದುಗಿಸಿದ ಒಂದು ಪೆಟ್ಟಿಗೆ. ಎಷ್ಟು ದೊಡ್ಡದು? ನಮ್ಮ ಗೋಲಗುಮ್ಮಟದ ಒಂದು ಬದಿ ಸುಮಾರು 47 ಮೀಟರ್. ಅಂಥ ನಾಲ್ಕು ಗುಮ್ಮಟ ಸಾಲಾಗಿ ನಿಲ್ಲಿಸಿದರೆ ಎಷ್ಟು ಉದ್ದವೋ, ಆರು ಬೋಗಿಯ ರೈಲು ನಿಲ್ಲುವ ನಿಲ್ದಾಣ ಹೆಚ್ಚು ಕಡಿಮೆ ಅಷ್ಟು ಉದ್ದ ಬೇಕು. ರೈಲಿಗೆ ಬೇಕಾದ್ದು ಸುಮಾರು 130 ಮೀಟರ್. ಉಳಿದದ್ದೆಲ್ಲ ದೊಡ್ಡ ಫ್ಯಾನು, ಟ್ರಾನ್ಸ್‌ಫಾರ್ಮರ್, ಪಂಪು, ಬೆಂಕಿ ಬಿದ್ದರೆ ಬೇಕಾಗುವ ನೀರಿನ ಟಾಕಿ. ಜನ ಕಾಣುವುದು ಪ್ಲಾಟ್‌ಫಾರ್ಮ್ ಮತ್ತು ಟಿಕೆಟ್ ಕೌಂಟರ್ ಅಷ್ಟೇ.

ಮನೆಗೆ ಪಾಯಾ ತೆಗೆಯುವ ಹಾಗೆ ಸುಮ್ನೆ ಅಗೆಯುತ್ತ ಹೋದರೆ ಏನಾಗುತ್ತದೆ? ಪಕ್ಕದ ರಸ್ತೆ, ಅದರ ಪಕ್ಕದ ಅಂಗಡಿ ಗುಂಡಿಯೊಳಗೆ ಜಾರುತ್ತವೆ. ಅದಕ್ಕೇ ಇಲ್ಲಿ ಗೋಡೆ ಮೊದಲು, ಗುಂಡಿ ಆಮೇಲೆ. ಮೆತ್ತನೆ ಮಣ್ಣಿದ್ದರೆ ಮೇಲಿನಿಂದಲೇ ಕಿರಿದಾದ, ಆಳದ ಸೀಳು ತೆಗೆಯುತ್ತಾರೆ. ತೆಗೆದ ಹಾಗೆ ಅದರೊಳಗೆ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ನೀರು ತುಂಬುತ್ತಾರೆ. ಜೋಳದ ಅಂಬಲಿಯ ಹಾಗೆ ಗಟ್ಟಿಯಾಗಿರುತ್ತದೆ. ಸೀಳಿನ ಎರಡೂ ಬದಿಯ ಮಣ್ಣು ಬೀಳದ ಹಾಗೆ ಅದೇ ತಡೆದು ನಿಲ್ಲಿಸುತ್ತದೆ. ಅದರೊಳಗೆ ಕಬ್ಬಿಣದ ಪಂಜರ ಇಳಿಸಿ, ಉದ್ದನೆ ಪೈಪಿನಿಂದ ತಳದಲ್ಲಿ ಕಾಂಕ್ರೀಟ್ ಬಿಡುತ್ತಾರೆ. ಕಾಂಕ್ರೀಟ್ ತಳದಿಂದ ಏರಿದಂತೆ ಆ ಅಂಬಲಿ ಮೇಲಿನಿಂದ ಹೊರಗೆ ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಅರ್ಧ ತಾಸು ಅಲ್ಲೇ ನಿಂತುಬಿಟ್ಟಿದ್ದೆ. ಕಣ್ಣಿಗೆ ಕಾಣದ ಜಾಗದಲ್ಲಿ, ಆಳದಲ್ಲಿ, ಒಂದು ಗೋಡೆ ತಾನಾಗಿ ಎದ್ದು ನಿಲ್ಲುತ್ತಿತ್ತು.

ಗೋಡೆಗಳು ಆದ ಮೇಲೆ ಎರಡು ದಾರಿ. ಪೂರ್ತಿ ಅಗೆದು ತಳದಿಂದ ಕಟ್ಟುತ್ತ ಬರಬಹುದು. ಇಲ್ಲವೇ ಮೊದಲು ಚಾವಣಿ ಹಾಕಿ, ಅದರ ಮೇಲೆ ರಸ್ತೆ ಬಿಟ್ಟುಕೊಟ್ಟು, ಕೆಳಗೆ ಅಗೆಯಬಹುದು. ಎರಡನೆಯದು ನಿಧಾನ. ಆದರೂ ಪೇಟೆ ನಡುವೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾಲ್ಕೈದು ವರ್ಷ ರಸ್ತೆ ಮುಚ್ಚಿದರೆ ಅಂಗಡಿಯವರು ಎಲ್ಲಿಗೆ ಹೋಗಬೇಕು? ಅವರ ಕಷ್ಟ ಯಾವ ಎಸ್ಟಿಮೇಟಿನಲ್ಲೂ ಬರುವುದಿಲ್ಲ. ಅಗೆದು ಮುಚ್ಚುವ ಪದ್ಧತಿ ಹೊಸದೇನಲ್ಲ. ಲಂಡನ್ನಿನಲ್ಲಿ 1863ರ ಜನವರಿ 10ರಂದು ಜಗತ್ತಿನ ಮೊದಲ ನೆಲದಡಿ ರೈಲು ಜನರಿಗೆ ತೆರೆದಾಗ, ಅದನ್ನೂ ಹೀಗೇ ರಸ್ತೆ ಅಗೆದು, ಕಮಾನು ಕಟ್ಟಿ, ಮುಚ್ಚಿ ಮಾಡಿದ್ದರು. ಒಳಗೆ ಓಡಿದ್ದು ಉಗಿಬಂಡಿ.

ಈಗ ನೀರಿನ ಮಾತು. ಬಾವಿ ತೋಡಿಸಿದವರು ಇಲ್ಲಿ ಇದ್ದೀರಿ. ಕಲ್ಲು ತಡ ಮಾಡಿಸುತ್ತದೆ, ಆದರೆ ಹೆದರಿಸುವುದು ನೀರು, ಅಲ್ವಾ? ಬಾವಿಗೆ ಸೆಲೆ ಸಿಕ್ಕರೆ ಕಾಯಿ ಒಡೆಯುತ್ತೇವೆ. ನಿಲ್ದಾಣದ ಗುಂಡಿಯಲ್ಲಿ ಸೆಲೆ ಸಿಕ್ಕರೆ ಆ ರಾತ್ರಿ ಯಾರೂ ಮಲಗುವುದಿಲ್ಲ. ನೀರು ಒಂದೇ ಬಂದರೆ ಪಂಪು ಹಚ್ಚಬಹುದು. ನೀರಿನ ಜೊತೆ ಉಸುಕು ಬಂದರೆ ಗುಂಡಿಯ ಹೊರಗೆ, ಯಾರದೋ ಮನೆಯ ಕೆಳಗೆ, ಅಷ್ಟೇ ಜಾಗ ಖಾಲಿಯಾಯಿತು ಅಂತ ಅರ್ಥ.

ಜರ್ಮನಿಯ ಕಲೋನ್ ನಗರದಲ್ಲಿ ಆಗಿದ್ದು ಇದೇ. ಅಲ್ಲಿಯೂ ಹಗುರ ರೈಲಿನ ಹೊಸ ಸುರಂಗಮಾರ್ಗದ ಕೆಲಸ. 2009ರ ಮಾರ್ಚ್ 3ರಂದು ಗುಂಡಿಯೊಳಗೆ ನೀರು, ಉಸುಕು, ಗೊರಚು ಒಮ್ಮೆಲೇ ನುಗ್ಗಿದವು. ಪಕ್ಕದಲ್ಲಿದ್ದ ನಗರದ ದಾಖಲೆಗಳ ಭಂಡಾರ ನಿಮಿಷಗಳಲ್ಲಿ ಕುಸಿಯಿತು. ಸಾವಿರ ವರ್ಷದ ಕಾಗದಪತ್ರಗಳಿದ್ದ ಕಟ್ಟಡ. ಒಳಗಿದ್ದವರು ಎಚ್ಚರಿಕೆ ಸಿಕ್ಕಿ ಹೊರಗೆ ಓಡಿದರು. ಪಕ್ಕದ ಮನೆಗಳಲ್ಲಿದ್ದ ಇಬ್ಬರು ಯುವಕರು ಸತ್ತರು. ವರ್ಷಗಟ್ಟಲೆ ತನಿಖೆ ನಡೆದು ಸಿಕ್ಕ ಕಾರಣ ಏನು ಗೊತ್ತೇ? ನಾನು ಈಗ ಹೇಳಿದೆನಲ್ಲ, ಆ ಗೋಡೆ. ಸೀಳು ತೆಗೆಯುವಾಗ ಒಂದು ಕಡೆ ಅಡ್ಡ ಬಂದದ್ದನ್ನು ಸರಿಯಾಗಿ ತೆಗೆಯದೆ ಮುಂದೆ ಹೋಗಿದ್ದರು. ಗೋಡೆಯಲ್ಲಿ ಕಾಂಕ್ರೀಟ್ ಇರಬೇಕಾದ ಜಾಗದಲ್ಲಿ ಮಣ್ಣು ಉಳಿದುಕೊಂಡಿತ್ತು. ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಈ ಸಂಗತಿಯನ್ನು ಮೊದಲ ದಿನವೇ ಹೇಳುತ್ತಿದ್ದೆ.

ನೀರಿನ ಇನ್ನೊಂದು ಗುಣ ಇದೆ. ಖಾಲಿ ಕೊಡವನ್ನು ಬಾವಿಗೆ ಬಿಡಿ, ತೇಲುತ್ತದೆ. ಒತ್ತಿ ಹಿಡಿದರೆ ಕೈಯನ್ನೇ ಎತ್ತುತ್ತದೆ. ನಿಲ್ದಾಣವೂ ನೀರಿನ ಮಟ್ಟದ ಕೆಳಗಿರುವ ಖಾಲಿ ಕೊಡವೇ. ಅಷ್ಟು ಕಾಂಕ್ರೀಟ್ ಇದ್ದರೂ ಕೆಳಗಿನ ನೀರು ಅದನ್ನು ಮೇಲಕ್ಕೆ ನೂಕುತ್ತಿರುತ್ತದೆ. ಹಾಗಾಗಿ ತಳದ ಸ್ಲ್ಯಾಬು ದಪ್ಪ ಮಾಡುತ್ತಾರೆ, ಚಾವಣಿ ಮೇಲೆ ಮಣ್ಣು ಹೇರುತ್ತಾರೆ, ಸಾಲದಿದ್ದರೆ ಕೆಳಗಿನ ಕಲ್ಲಿಗೆ ಬಿಗಿಯುತ್ತಾರೆ. ಕಟ್ಟಡ ಕೆಳಗೆ ಕುಸಿಯದಂತೆ ಪಾಯಾ ಹಾಕುವುದು ನಮಗೆಲ್ಲ ಗೊತ್ತು. ಮೇಲೆ ಏಳದಂತೆ ಪಾಯಾ ಹಾಕುವುದನ್ನು ನಾನು ಅಲ್ಲೇ ಕಲಿತೆ.

ಎರಡು ನಿಲ್ದಾಣಗಳ ನಡುವೆ ಮಷಿನ್ನಿನ ಕೆಲಸ. ನಿಲ್ದಾಣದ ಗುಂಡಿಯೊಳಗೆ ಕ್ರೇನಿನಿಂದ ಅದನ್ನು ತುಂಡುತುಂಡಾಗಿ ಇಳಿಸಿ ಅಲ್ಲೇ ಜೋಡಿಸುತ್ತಾರೆ. ಮುಂದೆ ತಿರುಗುವ ಚಕ್ರ, ಅದರ ತುಂಬ ಉಕ್ಕಿನ ಹಲ್ಲು. ಹಿಂದೆ ಹಿಂದೆ ಕಾಂಕ್ರೀಟಿನ ಬಳೆ ಕಟ್ಟುತ್ತ ಹೋಗುತ್ತದೆ. ಸಾಮಾನ್ಯವಾಗಿ ಐದು ದೊಡ್ಡ ತುಂಡು, ಕೊನೆಗೆ ಒಂದು ಚಿಕ್ಕ ತುಂಡು. ಆ ಚಿಕ್ಕ ತುಂಡು ಕೂತಾಗಲೇ ಬಳೆ ಬಿಗಿಯಾಗುವುದು. ಬಾರಾ ಕಮಾನಿನ ಊರಿನವರಿಗೆ ಕಮಾನಿನ ನೆತ್ತಿಯ ಕಲ್ಲಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಬಳೆಗೂ ಮಣ್ಣಿಗೂ ನಡುವಿನ ಸಂದಿಗೆ ಸಿಮೆಂಟಿನ ಹಾಲು ತುಂಬಬೇಕು. ತಡ ಮಾಡಿದರೆ ಮೇಲಿನ ಮಣ್ಣು ಆ ಸಂದಿಗೆ ಇಳಿಯುತ್ತದೆ, ಮಣ್ಣಿನ ಜೊತೆ ಮನೆಯೂ. ಬೆಂಗಳೂರಿನ ಗುಲಾಬಿ ಮಾರ್ಗದಲ್ಲಿ ನೆಲದಡಿಯ ಭಾಗ 13.76 ಕಿ.ಮೀ., 12 ನಿಲ್ದಾಣ. ಒಂಬತ್ತು ಮಷಿನ್ ಕೆಲಸ ಮಾಡಿದವು. ಊರ್ಜಾ, ತುಂಗಾ, ಭದ್ರಾ, ವರದಾ ಅಂತ ಅವಕ್ಕೆ ಹೆಸರು. ಕೊನೆಯ ಮಷಿನ್ ಹೊರಬಂದದ್ದು 2024ರ ಅಕ್ಟೋಬರ್‌ನಲ್ಲಿ. ಬೆಂಗಳೂರಿನ ನೆಲ ಮೇಲೆ ಮಣ್ಣು, ಒಳಗೆ ಗುಂಡುಕಲ್ಲು, ಕೆಳಗೆ ಗಟ್ಟಿ ಬಂಡೆ. ಚಕ್ರದ ಅರ್ಧ ಕಲ್ಲಿನಲ್ಲಿ, ಅರ್ಧ ಮಣ್ಣಿನಲ್ಲಿ ಇದ್ದಾಗ ಹಲ್ಲುಗಳು ಮುರಿಯುತ್ತವೆ, ಕಲ್ಲು ತುಂಡಾಗುವಷ್ಟರಲ್ಲಿ ಮಣ್ಣು ಜಾಸ್ತಿ ಒಳಗೆ ಬಂದುಬಿಡುತ್ತದೆ. ಪೂರ್ತಿ ಕಲ್ಲೇ ಇದ್ದರೆ ಎಷ್ಟೋ ವಾಸಿ.

ಒಟ್ಟಾವಾದಲ್ಲೂ ಕಷ್ಟ ಕೊಟ್ಟದ್ದು ಕಲ್ಲು ಮುಗಿದು ಮೆತ್ತನೆ ಮಣ್ಣು ಬಂದ ಜಾಗವೇ. 2016ರ ಜೂನ್ 8ರಂದು ರೀಡೋ ಬೀದಿಯ ರಸ್ತೆ ಬಾಯಿಬಿಟ್ಟು ಒಂದು ವ್ಯಾನು ಒಳಗೆ ಹೋಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

ನನಗೆ ಮಾತ್ರ ಕಲ್ಲಿಗಿಂತ ಜಾಸ್ತಿ ನಿದ್ದೆ ಕೆಡಿಸಿದ್ದು ಮುಚ್ಚಿದ ಬಾವಿಗಳು. ನಲ್ಲಿ ಬಂದ ಮೇಲೆ ಜನ ಬಾವಿಗೆ ಕಸ, ಇಟ್ಟಿಗೆ ಚೂರು ತುಂಬಿ, ಮೇಲೆ ಕಡಪಾ ಕಲ್ಲು ಹಾಸಿ, ಕೋಣೆ ಕಟ್ಟಿಕೊಂಡಿರುತ್ತಾರೆ. ಮಷಿನ್ ಕೆಳಗೆ ಬಂದಾಗ ಆ ತುಂಬಿದ್ದೆಲ್ಲ ಸರ್ರನೆ ಜಾರುತ್ತದೆ. ಹಾಗಾಗಿ ಮೊದಲೇ ಮನೆಮನೆಗೆ ಹೋಗಿ ಬಾವಿ ಇದೆಯೇ, ಬೋರ್ ಇದೆಯೇ ಅಂತ ಕೇಳುತ್ತೇವೆ. ಗೋಡೆಯಲ್ಲಿ ಹಳೆಯ ಬಿರುಕಿದ್ದರೆ ಅದರ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯುತ್ತೇವೆ. ಮನೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ.

ಒಂದು ಮನೆಯಲ್ಲಿ ನಮ್ಮಿಂದ ತಪ್ಪಾಯಿತು. ನಮ್ಮ ಹುಡುಗ ಹೋಗಿ ಕೇಳಿದ್ದ, "ಬಾವಿ ಇಲ್ಲ" ಅಂತ ಬರೆದುಕೊಂಡು ಬಂದಿದ್ದ. ಉತ್ತರ ಕೊಟ್ಟವರು ಬಾಡಿಗೆಯವರು. ಬಂದು ಎರಡು ವರ್ಷವಾಗಿತ್ತು, ಅವರಿಗೇನು ಗೊತ್ತು? ಒಂದು ಬೆಳಿಗ್ಗೆ ಅವರ ಅಡುಗೆಮನೆಯ ನೆಲ ಒಂದು ಮೊಳ ಕೆಳಗೆ ಹೋಯಿತು. ಆಗ ಒಳಗೆ ಯಾರೂ ಇರಲಿಲ್ಲ. ಆ ತಾಯಿ ಹೊಸಿಲ ಮೇಲೆ ನಿಂತು, ಒಲೆ ಇದ್ದ ಜಾಗವನ್ನೇ ನೋಡುತ್ತಿದ್ದರು. ಕೈಯಲ್ಲಿ ಇನ್ನೂ ಮಗುವಿನ ಹಾಲಿನ ಬಾಟಲಿ ಇತ್ತು. ನನ್ನನ್ನು ಬೈಯಲಿಲ್ಲ. "ಈಗ ನಾವು ಎಲ್ಲಿಗೆ ಹೋಗೋದು ಸಾರ್?" ಅಂದರು, ಅಷ್ಟೇ. ನೆಲ ತುಂಬಿಸಿದೆವು, ಬೇರೆ ಕಡೆ ಇರಲು ವ್ಯವಸ್ಥೆ ಮಾಡಿದೆವು. ಆ ಮಾತು ಮಾತ್ರ ನನ್ನ ಕಿವಿಯಿಂದ ಹೋಗಿಲ್ಲ.

ಅವತ್ತಿನಿಂದ ನಾನು ಬರೀ ಮನೆಯವರನ್ನು ಕೇಳುವುದು ಬಿಟ್ಟೆ. ಪ್ರತಿ ಬೀದಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು ಅಂತ ವಿಚಾರಿಸಿ ಅವರ ಹತ್ತಿರ ಹೋಗುತ್ತಿದ್ದೆ. ಮುಂದಿನ ಬೀದಿಯಲ್ಲೇ ಒಬ್ಬ ಅಜ್ಜಿ ಸಿಕ್ಕರು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಮೊಮ್ಮಗನ ಭುಜ ಹಿಡಿದು ಬೀದಿಗೆ ಬಂದು, ಕೋಲಿನಿಂದ ತೋರಿಸುತ್ತ ಹೋದರು. "ಇಲ್ಲೊಂದು. ಈ ಶೆಟ್ಟರ ಅಂಗಡಿ ಕೆಳಗೆ ಇನ್ನೊಂದು. ಇದರಲ್ಲೇ ಗಣಪತಿ ಬಿಡ್ತಿದ್ರಪ್ಪ." ಮೂರು ಬಾವಿ. ನಮ್ಮ ನಕ್ಷೆಯಲ್ಲಿ ಒಂದೂ ಇರಲಿಲ್ಲ. ಮೂರನ್ನೂ ಮೊದಲೇ ಗಟ್ಟಿಯಾಗಿ ತುಂಬಿಸಿದೆವು. ಮಷಿನ್ ಆ ಬೀದಿ ದಾಟಿದ ರಾತ್ರಿ ಅಜ್ಜಿಯ ಮನೆಯ ಗಾಜಿನ ಪಟ್ಟಿ ಹಾಗೇ ಇತ್ತು.

ಇನ್ನು ನಮ್ಮ ಊರಿಗೆ ಬರುತ್ತೇನೆ. ನಮ್ಮ ಕೆಳಗಿರುವುದು ಕರಿಕಲ್ಲು. ಪುಣೆಯ ಕೆಳಗಿರುವುದೂ ಇದೇ ಕಲ್ಲು. ಅಲ್ಲಿ ಸಿವಿಲ್ ಕೋರ್ಟ್ ನಿಲ್ದಾಣವನ್ನು 33 ಮೀಟರ್ ಆಳದಲ್ಲಿ ಕಟ್ಟಿದ್ದಾರೆ, ಬಿಸಿಲು ಒಳಗೆ ಬೀಳುವ ಹಾಗೆ ಮೇಲೆ ತೆರೆದಿದ್ದಾರೆ. ಪುಣೆಗೆ ಹೋದ ಮಕ್ಕಳು ನೋಡಿರುತ್ತೀರಿ. ವಿಜಯಪುರಕ್ಕೆ ನೆಲದಡಿಯ ರೈಲು ಬೇಕೇ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ಟಂಟಂನಲ್ಲಿ ಒತ್ತಿಕೊಂಡು ಕೂರುವ ಜನಕ್ಕೆ ಮೊದಲು ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಬೇಕು.

ಆದರೆ ನಮ್ಮ ಊರಿನಡಿ ಸುರಂಗ ಈಗಾಗಲೇ ಇದೆ, ನಾಲ್ಕು ನೂರು ವರ್ಷದಿಂದ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಊರಿಗೆ ನೆಲದಡಿ ಕಾಲುವೆ ತಂದರು. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿ ಇಳಿಸಿದ್ದಾರೆ. ಗಾಳಿಗೆ ಅದೇ, ಮಣ್ಣು ಮೇಲೆತ್ತಲು ಅದೇ. ಮೆಟ್ರೊದಲ್ಲಿ ನಾವು ಶಾಫ್ಟ್ ಅನ್ನುವುದು ಇಂಥ ಕಂಡಿಗೇ. ಊರೊಳಗೆ ನೀರಿನ ಒತ್ತಡ ಇಳಿಸಲು ಗೋಪುರ ಕಟ್ಟಿದರು. ಗಂಜ್ ಅನ್ನುತ್ತೇವಲ್ಲ, ಅವು. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರಿನ ಲೆಕ್ಕದ ಮೇಲೆ ಇಡೀ ರಾಜಧಾನಿಗೆ ನೀರು. ಈ ನೀರಿನ ವ್ಯವಸ್ಥೆಯ ಭಾಗವಾದ ತೊರವಿಯ ಸುರಂಗ ಬಾವಡಿಯನ್ನು, ಹಳೆಯ ಸ್ಮಾರಕಗಳನ್ನು ಉಳಿಸಲು ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ, ಕಾಳಜಿ ಬೇಕಾದ ಜಾಗಗಳ ತನ್ನ 2020ರ ಪಟ್ಟಿಗೆ ಸೇರಿಸಿತ್ತು. ಆ ಕಾಲುವೆಯ ಮೇಲೆಯೇ ನಾವು ಇವತ್ತು ಕೇಬಲ್ಲಿಗೆ ಅಗೆಯುತ್ತೇವೆ, ಒಳಚರಂಡಿಗೆ ಅಗೆಯುತ್ತೇವೆ, ಬೋರ್ ಹಾಕಿಸುತ್ತೇವೆ. ಜೆಸಿಬಿ ನಡೆಸುವ ಹುಡುಗನಿಗೆ ಕೆಳಗೆ ಏನಿದೆ ಅಂತ ಹೇಳುವವರು ಯಾರು?

ಕಾಲುವೆ ಒಂದೇ ಅಲ್ಲ. ಮುಚ್ಚಿದ ಬಾವಿಗಳಿವೆ. ಹಗೇವುಗಳಿವೆ. ಜೋಳ ತುಂಬಿಡುತ್ತಿದ್ದ ಹಗೇವು ಚಿಕ್ಕ ಮಕ್ಕಳಿಗೆ ಗೊತ್ತಿಲ್ಲದಿರಬಹುದು, ಮನೆಗೆ ಹೋಗಿ ಅಜ್ಜನ ಹತ್ತಿರ ಕೇಳಿ. ಹೊರಗೆ ಮೇಜಿನ ಮೇಲೆ ಒಂದು ದೊಡ್ಡ ರಿಜಿಸ್ಟರ್ ಇಟ್ಟಿದ್ದೇನೆ, ಪಕ್ಕದಲ್ಲಿ ಪೆನ್ನಿದೆ. ನಿಮ್ಮ ಓಣಿಯಲ್ಲಿ ಮುಚ್ಚಿದ ಬಾವಿ, ಹಗೇವು, ನೆಲದಡಿಯ ಕಾಲುವೆಯ ಕಂಡಿ ಯಾವುದಿದ್ದರೂ ಜಾಗ ಸಮೇತ ಬರೆದು ಹೋಗಿ. ಬರೆಯಲು ಬಾರದವರು ಹೇಳಿ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಇದನ್ನೆಲ್ಲ ನಕ್ಷೆಗೆ ಏರಿಸಲು ಹತ್ತು ಜನ ಹುಡುಗ ಹುಡುಗಿಯರು ಒಪ್ಪಿಕೊಂಡಿದ್ದಾರೆ. ಮೊದಲ ಸಾಲು ನಾನೇ ಬರೆದಿದ್ದೇನೆ: ನಮ್ಮ ಹಳೆಯ ಮನೆ, ಪಡಸಾಲೆ, ಬಾಗಿಲಿನಿಂದ ಒಳಗೆ ಏಳು ಹೆಜ್ಜೆ, ಹಗೇವು.