ಕತ್ತಲಲ್ಲಿ ಕೋಲಿನ ತುದಿ ಓದುವುದು: ಜುವಾರಿ ದಂಡೆಯಿಂದ

ಪರದೆ ಕಪ್ಪಾಗಿದೆಯೆಂದು ಮೊಬೈಲನ್ನು ತಟ್ಟಬೇಡಿ, ಅದು ಸರಿಯಾಗಿಯೇ ಇದೆ. ಎಡಗಡೆ ಮೇಲೆ ಒಂದು ಹಸಿರು ಚುಕ್ಕೆ ಕಾಣಿಸುತ್ತಿದೆಯಲ್ಲ, ಅದು ನನ್ನ ಗಾಳದ ಕೋಲಿನ ತುದಿಗೆ ಕಟ್ಟಿದ ಪುಟ್ಟ ದೀಪ. ಅದರ ಕೆಳಗೆ ಇನ್ನೂ ಮಸುಕಾದ ಮತ್ತೊಂದು ಚುಕ್ಕೆ ಇದೆ. ಅದರ ವಿಷಯ ಆಮೇಲೆ ಹೇಳುತ್ತೇನೆ. ದೂರದಲ್ಲಿ ಮಿನುಗುತ್ತಿರುವುದು ಲಂಗರು ಹಾಕಿದ ಹಡಗುಗಳು, ಅವುಗಳ ಆಚೆ ದೋನಾ ಪಾವ್ಲಾ. ನಾವಿರುವುದು ಗೋವಾದ ವಾಸ್ಕೊ ಪಕ್ಕದ ಚಿಕಾಲಿಂ ಕಡೆಯ ದಂಡೆಯಲ್ಲಿ, ಜುವಾರಿ ನದಿ ಸಮುದ್ರ ಸೇರುವ ಅಗಲವಾದ ಅಳಿವೆಯಲ್ಲಿ. ನಮಸ್ಕಾರ.

ಬೈನಾ, ಜುವಾರಿನಗರ, ವೆರ್ಣಾದ ಕಾರ್ಖಾನೆಗಳ ಸುತ್ತಮುತ್ತ ಎಲ್ಲಿ ನಿಂತರೂ ಕನ್ನಡ ಕೇಳಿಸುತ್ತದೆ. ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಬಂದವರು. ಊರಿನಲ್ಲಿ ಕೆರೆಯ ಮೀನನ್ನಷ್ಟೇ ಕಂಡ ಹುಡುಗರು ಇಲ್ಲಿ ಎರಡನೇ ಪಾಳಿ ಮುಗಿಸಿ, ಊಟದ ಡಬ್ಬಿಯ ಜೊತೆಗೆ ಗಾಳದ ಕೋಲನ್ನೂ ಹಿಡಿದು ನೇರವಾಗಿ ದಂಡೆಗೆ ಬರುತ್ತಾರೆ. ಅವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ: ತುದಿಗೆ ಯಾವ ಲೈಟ್ ಹಾಕಬೇಕು? ಅಂಗಡಿಯಲ್ಲಿ ಈಗ ಅದಕ್ಕೆಂದೇ ಒಂದು ಗೋಡೆ ಇದೆ. ಕಡ್ಡಿ, ಕ್ಲಿಪ್ಪು, ಗೆಜ್ಜೆ ಕಟ್ಟಿದ್ದು, ಬಣ್ಣ ಬದಲಿಸುವುದು, ಮೊಬೈಲಿನಂತೆ ಚಾರ್ಜ್ ಆಗುವುದು. ಎಲ್ಲದರ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಒಂದೇ ಗುಣ, ತುಂಬಾ ಪ್ರಕಾಶಮಾನ ಎಂದು. ನನ್ನ ಪ್ರಕಾರ ಅದು ಗುಣವೇ ಅಲ್ಲ.

ನಾವು ನೋಡಬೇಕಾಗಿರುವುದು ಬೆಳಕನ್ನಲ್ಲ, ತುದಿಯ ಅಲುಗಾಟವನ್ನು. ಗಾಳಕ್ಕೆ ಸಿಕ್ಕಿಸಿದ ಸಿಗಡಿಯನ್ನು ಏಡಿ ಕಚ್ಚಿ ಎಳೆದಾಗ ತುದಿ ಮೆಲ್ಲಗೆ ಒಂದು ಬೆರಳಿನಷ್ಟು ಬಾಗಿ ಅಲ್ಲೇ ನಿಲ್ಲುತ್ತದೆ. ಸಣ್ಣ ಮೀನು ಕುಟುಕಿದರೆ ನಡುಗುತ್ತದೆ. ಕೆಂಬೇರಿಯೋ ಚೊಣಕವೋ, ಅಂಥ ದೊಡ್ಡ ಮೀನು ಬಂದರೆ ಕೇಳುವುದೇ ಬೇಡ, ಕೋಲು ಹೋಗದಂತೆ ಹಿಡಿದುಕೊಳ್ಳುವುದೇ ಕೆಲಸ. ಆ ಮೊದಲೆರಡರ ವ್ಯತ್ಯಾಸ ತಿಳಿಯಬೇಕಾದರೆ ಚುಕ್ಕೆ ಚಿಕ್ಕದಾಗಿ, ಅಂಚು ಸ್ಪಷ್ಟವಾಗಿ ಇರಬೇಕು. ತೀರಾ ಪ್ರಖರವಾದ ದೀಪದ ಸುತ್ತ ಪ್ರಭೆ ಹರಡಿಕೊಳ್ಳುತ್ತದೆ. ಒಂದು ಬೆರಳಿನ ಅಲುಗಾಟ ಆ ಪ್ರಭೆಯೊಳಗೇ ಕಳೆದುಹೋಗುತ್ತದೆ.

ಇದಕ್ಕೆ ಕಾರಣ ಅಂಗಡಿಯಲ್ಲಿಲ್ಲ, ಕಣ್ಣಿನಲ್ಲಿದೆ. ಅಕ್ಷಿಪಟದಲ್ಲಿ ಶಂಕುಕೋಶ ಮತ್ತು ದಂಡಕೋಶ ಎಂಬ ಎರಡು ಬಗೆಯ ಕೋಶಗಳಿವೆ. ಹಗಲಿನ ಬಣ್ಣ ಶಂಕುಕೋಶದ ಕೆಲಸ, ಕತ್ತಲಿನ ನೋಟ ದಂಡಕೋಶದ್ದು. ದಂಡಕೋಶಗಳು ಪೂರ್ತಿಯಾಗಿ ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮೊಬೈಲ್ ತೆಗೆದು ಒಂದು ಸಂದೇಶ ನೋಡಿದರೆ ಗಳಿಸಿದ್ದರಲ್ಲಿ ಬಹುಪಾಲು ಹೋಯಿತು. ಈ ಕೋಶಗಳು ಅತಿ ಹೆಚ್ಚು ಸ್ಪಂದಿಸುವುದು 507 ನ್ಯಾನೊಮೀಟರ್ ಆಸುಪಾಸಿನ ನೀಲಿಹಸಿರು ಬೆಳಕಿಗೆ. ಆದ್ದರಿಂದಲೇ ಅತ್ಯಂತ ಮಸುಕಾದ ಹಸಿರು ಚುಕ್ಕೆಯೂ ಕತ್ತಲಲ್ಲಿ ಎದ್ದು ಕಾಣುತ್ತದೆ. ಕೆಂಪಿಗೆ ಅವು ಹೆಚ್ಚುಕಡಿಮೆ ಕುರುಡು. ಹಾಗಾಗಿ ತುದಿಗೆ ಹಸಿರು, ತಲೆಗೆ ಕಟ್ಟುವ ಟಾರ್ಚಿಗೆ ಕೆಂಪು. ಗಂಟು ಕಟ್ಟುವಾಗ, ಸಿಗಡಿ ಪೋಣಿಸುವಾಗ ಮಂದವಾದ ಕೆಂಪು ಬೆಳಕು ಬಳಸಿದರೆ ಕತ್ತಲಿನ ನೋಟ ಹಾಗೆಯೇ ಉಳಿದಿರುತ್ತದೆ. ಇನ್ನೊಂದು ಚಮತ್ಕಾರವಿದೆ. ಅಕ್ಷಿಪಟದ ನಟ್ಟನಡುವೆ ದಂಡಕೋಶಗಳಿಲ್ಲ. ಚುಕ್ಕೆ ತೀರಾ ಮಸುಕಾದರೆ ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಅದು ತಾನಾಗಿ ಹೊಳೆಯುತ್ತದೆ.

ಈಗ ಆ ಎರಡನೇ ಚುಕ್ಕೆ. ಕತ್ತಲಲ್ಲಿ ಒಂಟಿ ಬೆಳಕಿನ ಬಿಂದುವನ್ನು ದಿಟ್ಟಿಸುತ್ತಾ ಕುಳಿತರೆ, ಕೆಲವೇ ಹೊತ್ತಿನಲ್ಲಿ ಅದು ಚಲಿಸುತ್ತಿರುವಂತೆ ಕಾಣತೊಡಗುತ್ತದೆ. ಅದು ಚಲಿಸುತ್ತಿರುವುದಿಲ್ಲ. ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇಲ್ಲದೆ ಮಿದುಳು ಏಮಾರುತ್ತದೆ. ರಾತ್ರಿ ವಿಮಾನ ಹಾರಿಸುವ ಪೈಲಟ್‌ಗಳಿಗೆ ಈ ಭ್ರಮೆಯ ಬಗ್ಗೆ ತರಬೇತಿಯಲ್ಲಿಯೇ ಎಚ್ಚರಿಕೆ ಕೊಡುತ್ತಾರೆ. ಗಾಳ ಹಾಕುವವರಿಗೆ ಯಾರೂ ಕೊಡುವುದಿಲ್ಲ. ಇಲ್ಲದ ಮೀನಿಗೆ ಎದ್ದು ಓಡುವವರನ್ನು ಈ ದಂಡೆಯಲ್ಲಿ ದಿನವೂ ನೋಡಬಹುದು. ಪರಿಹಾರ ಬಹಳ ಅಗ್ಗ. ಕೋಲಿನ ಬಾಗದ ಭಾಗದಲ್ಲಿ, ಹಿಡಿಗಿಂತ ಸ್ವಲ್ಪ ಮೇಲೆ, ಕತ್ತಲಲ್ಲಿ ಹೊಳೆಯುವ ಟೇಪಿನ ಒಂದು ಸಣ್ಣ ಸುತ್ತು ಹಾಕಿ. ಆ ಬಿಂದು ನಿಂತಲ್ಲೇ ನಿಂತಿರುತ್ತದೆ, ತುದಿಯದು ಬಾಗುತ್ತದೆ. ಎರಡರ ನಡುವಿನ ಕೋನ ಬದಲಾದರೆ ಮಾತ್ರ ಏಳಿ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು, ಆದರೆ ಇಡೀ ವಿಡಿಯೊದಲ್ಲಿ ನಿಮಗೆ ಒಂದೇ ಮಾತು ನೆನಪಿರುವುದಾದರೆ ಇದೇ ಇರಲಿ ಎಂದು ನನ್ನ ಆಸೆ.

ಟೇಪ್ ಕೊಳ್ಳುವಾಗ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಇರುವುದನ್ನೇ ಕೇಳಿ. ಹಳೆಯ ಸತು ಸಲ್ಫೈಡ್ ಬಗೆಯದು ಬೇಗನೆ ಮಂಕಾಗುತ್ತದೆ, ಇದು ಗಂಟೆಗಟ್ಟಲೆ ಮಂದವಾಗಿ ಉಳಿಯುತ್ತದೆ. ಟಾರ್ಚ್ ಹಿಡಿದು ಒಂದು ನಿಮಿಷ ಬೆಳಕು ಕುಡಿಸಿದರೆ ಸಾಕು. ತುದಿಗೆ ಮಾತ್ರ ಇದು ಸಾಲದು.

ತುದಿಗೆ ಎರಡೇ ನಿಜವಾದ ಆಯ್ಕೆಗಳು. ಮೊದಲನೆಯದು ಬಗ್ಗಿಸಿದರೆ ಹೊಳೆಯುವ ರಾಸಾಯನಿಕ ಕಡ್ಡಿ. ಸಾಮಾನ್ಯವಾಗಿ ಸಿಗುವುದು 4.5 ಮಿಲಿಮೀಟರ್ ದಪ್ಪದ್ದು, ಉದ್ದ ನಾಲ್ಕು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಒಳಗೆ ಗಾಜಿನ ಸೂಕ್ಷ್ಮ ನಳಿಕೆಯಿದೆ. ಅದು ಮುರಿದಾಗ ಹೈಡ್ರೋಜನ್ ಪೆರಾಕ್ಸೈಡ್, ಆಕ್ಸಲೇಟ್ ಎಸ್ಟರ್ ಎಂಬ ಸಂಯುಕ್ತದ ಜೊತೆ ಸೇರುತ್ತದೆ. ಆ ಕ್ರಿಯೆಯಲ್ಲಿ ಹೊರಬಿದ್ದ ಶಕ್ತಿ ಬಣ್ಣದ ಅಣುಗಳಿಗೆ ದಾಟಿ ಬೆಳಕಾಗುತ್ತದೆ, ಶಾಖವಿಲ್ಲದೆ. ಹಗುರ, ಅಗ್ಗ, ಮಳೆಗೆ ಹೆದರುವುದಿಲ್ಲ, ಬೆಳಕೂ ಹಿತ. ಆದರೆ ಇದು ರಾಸಾಯನಿಕ ಕ್ರಿಯೆ ಎಂಬುದನ್ನು ಮರೆಯಬಾರದು. ಬಿಸಿ ಹೆಚ್ಚಾದಷ್ಟೂ ವೇಗ ಹೆಚ್ಚು. ತಂಪು ದೇಶದಲ್ಲಿ ಇಡೀ ರಾತ್ರಿ ಉರಿಯುವ ಕಡ್ಡಿ ಗೋವಾದ ಮೇ ತಿಂಗಳ ಸೆಕೆಯಲ್ಲಿ ಆರಂಭದಲ್ಲಿ ಜೋರಾಗಿ ಮೆರೆದು ನಡುರಾತ್ರಿಯ ಹೊತ್ತಿಗೆ ಸೋತಿರುತ್ತದೆ. ಪ್ಯಾಕೆಟ್ಟಿನ ಮೇಲಿನ ಗಂಟೆಗಳನ್ನು ನಂಬಿ ಒಂದೇ ಕಡ್ಡಿ ತರಬೇಡಿ. ಪೊಟ್ಟಣ ಎಲ್ಲಿಯೂ ತೂತಾಗಿಲ್ಲವೇ ಎಂದೂ ನೋಡಿಕೊಳ್ಳಿ. ಇಲ್ಲಿನ ಮಳೆಗಾಲದ ತೇವ ಒಳಗೆ ಹೋದರೆ ಮುರಿಯುವ ಮೊದಲೇ ಕಡ್ಡಿ ಕೆಟ್ಟಿರುತ್ತದೆ.

ಎರಡನೆಯದು ಎಲ್‌ಇಡಿ. ಸೂಜಿಯಂಥ ಒಂದು ಬ್ಯಾಟರಿ, ತುದಿಯಲ್ಲಿ ದೀಪ. ಹೆಚ್ಚಾಗಿ ಬಳಸುವ ಬ್ಯಾಟರಿಯ ಹೆಸರು ಸಿಆರ್ 425: 3 ವೋಲ್ಟ್, 4.2 ಮಿಲಿಮೀಟರ್ ವ್ಯಾಸ, ಸುಮಾರು 26 ಮಿಲಿಮೀಟರ್ ಉದ್ದ. ಇದಕ್ಕಿಂತ ಸಣ್ಣದು ಸಿಆರ್ 322. 425ರ ಸಾಮರ್ಥ್ಯ ಸುಮಾರು 25 ಮಿಲಿಆಂಪಿಯರ್ ಗಂಟೆ. ದೀಪ ಒಂದು ಮಿಲಿಆಂಪಿಯರ್ ಕುಡಿದರೆ 25 ಗಂಟೆ ಬಂತು, ಐದು ಕುಡಿದರೆ ಐದೇ ಗಂಟೆ. ಪ್ರಖರ ಎಂಬ ಹೊಗಳಿಕೆಯ ಬೆಲೆ ಇದು. ಇನ್ನೊಂದು ಸೂಕ್ಷ್ಮವಿದೆ: ಕೆಂಪು ಎಲ್‌ಇಡಿ ಹೊತ್ತಲು ಸುಮಾರು 2 ವೋಲ್ಟ್ ಸಾಕು, ಈಗಿನ ಹೊಳಪಿನ ಹಸಿರಿಗೆ 3 ವೋಲ್ಟ್ ಹತ್ತಿರ ಬೇಕು. ಬ್ಯಾಟರಿ ಸ್ವಲ್ಪ ಸೊರಗಿದರೆ ಸಾಕು, ಹಸಿರು ಕುಗ್ಗುತ್ತದೆ. ಕೆಂಪು ಇನ್ನೂ ಉರಿಯುತ್ತಿರುತ್ತದೆ. ಮೂಲೆಗೆ ಎಸೆದ ಹಳೆಯ ಬ್ಯಾಟರಿ ಕೆಂಪು ದೀಪಕ್ಕೆ ಹಾಕಿ ನೋಡಿ, ಅದರಲ್ಲಿ ಒಂದು ರಾತ್ರಿ ಉಳಿದಿರಬಹುದು.

ಹಾಗಾದರೆ ಕೆಂಪನ್ನು ತುದಿಗೆ ಹಾಕಬಾರದೇ? ಹಾಕಬೇಕಾದ ಜಾಗವಿದೆ. ಪಣಜಿಗೆ ಬನ್ನಿ. ಮಾಂಡೋವಿಯ ಆಚೆ ದಡ ಬೆತಿಂನಲ್ಲಿ ಕುಳಿತರೆ ಎದುರಿಗೆ ತೇಲುವ ಕ್ಯಾಸಿನೊಗಳು, ನೀರಿನ ಮೇಲೆ ಹಸಿರು, ನೀಲಿ, ನೇರಳೆಯ ಪಟ್ಟೆಗಳು. ಅಲ್ಲಿ ನಿಮ್ಮ ಹಸಿರು ಚುಕ್ಕೆಯನ್ನು ಹುಡುಕಲು ಇನ್ನೊಬ್ಬರನ್ನು ಕರೆಯಬೇಕು. ಹೇಗಿದ್ದರೂ ಅಲ್ಲಿ ನಿಮ್ಮ ಕಣ್ಣು ಕತ್ತಲಿಗೆ ಹೊಂದಿಕೊಂಡಿರುವುದಿಲ್ಲ, ದಂಡಕೋಶದ ಲೆಕ್ಕಾಚಾರ ಕೆಲಸಕ್ಕೆ ಬರುವುದಿಲ್ಲ. ಅಂಥ ಕಡೆ ಕೆಂಪು ಒಳ್ಳೆಯದು, ಅದಕ್ಕಿಂತಲೂ ಒಳ್ಳೆಯದು ಕೂರುವ ಜಾಗವನ್ನು ನಾಲ್ಕು ಹೆಜ್ಜೆ ಬದಲಿಸಿ ತುದಿಯ ಹಿಂದೆ ಒಂದು ಮರವೋ ಗುಡ್ಡವೋ ಬರುವಂತೆ ಮಾಡಿಕೊಳ್ಳುವುದು. ಪಣಜಿಯಿಂದ ರಿಬಂದರಿಗೆ ಹೋಗುವ ಪೋರ್ಚುಗೀಸರ ಕಾಲದ ಕಟ್ಟೆರಸ್ತೆಯ ಕಡೆ ಹಿನ್ನೆಲೆ ಕತ್ತಲಾಗಿರುತ್ತದೆ, ಹಸಿರೇ ಸಾಕು. 1630ರ ದಶಕದಲ್ಲಿ ಕಟ್ಟಿದ ಆ ರಸ್ತೆಯ ಮೇಲೆ ಇವತ್ತಿಗೂ ಬಸ್ಸು ಓಡುತ್ತದೆ, ಹಾಗಾಗಿ ಹಿಂದಕ್ಕೆ ಬೀಸಿ ಗಾಳ ಎಸೆಯುವ ಮುನ್ನ ಒಮ್ಮೆ ತಿರುಗಿ ನೋಡಿ.

ಎರಡು ಕೋಲು ಇಟ್ಟವರು ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಕಟ್ಟುವುದು ರೂಢಿ. ನನ್ನ ಜೊತೆ ಬರುವ ಗದಗಿನ ಗೆಳೆಯನಿಗೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಗಂಡಸರಲ್ಲಿ ಇದು ಅಪರೂಪವೂ ಅಲ್ಲ. ಅವನು ಒಂದು ಕೋಲಿಗೆ ಒಂದು ಚುಕ್ಕೆ, ಇನ್ನೊಂದಕ್ಕೆ ಸ್ವಲ್ಪ ಅಂತರದಲ್ಲಿ ಎರಡು ಚುಕ್ಕೆ ಹಾಕುತ್ತಾನೆ. ಬಣ್ಣಕ್ಕಿಂತ ಅವನದೇ ಉತ್ತಮ ಪದ್ಧತಿ.

ಬಣ್ಣ ಬದಲಿಸುವ ಸೆನ್ಸರ್ ದೀಪಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲುಗಿದರೆ ಹಸಿರು ಹೋಗಿ ಕೆಂಪು ಬರುತ್ತದೆ. ಗಾಳಿಯಿಲ್ಲದ ಕೆರೆಗೆ ಚೆನ್ನ. ಅಳಿವೆಯ ಗಾಳಿಗೆ ಅದು ಗಣಪತಿ ಮಂಟಪದ ದೀಪದ ಸರವಾಗುತ್ತದೆ. ಗೆಜ್ಜೆಯಿರುವುದು ನಿದ್ದೆ ಮಾಡುವವರಿಗೆ, ತೂಕವೂ ಹೆಚ್ಚು.

ತೂಕ ಎಂದಾಗ ನೆನಪಾಯಿತು. ಒಂದು ಗ್ರಾಂ ಏನು ಮಹಾ ಎನ್ನಬೇಡಿ. ಎಂಟು ಅಡಿ ಕೋಲಿನ ತುದಿಯಲ್ಲಿ ಆ ಒಂದು ಗ್ರಾಂ ಇರುವುದು ನಿಮ್ಮ ಕೈಯಿಂದ ಎರಡು ಮೀಟರಿಗೂ ಆಚೆ. ತೆಳ್ಳನೆಯ ತುದಿಯಾದರೆ ಭಾರದ ದೀಪ ಕಟ್ಟಿದೊಡನೆ ತಾನೇ ತೂಗಾಡುತ್ತದೆ, ಕುಟುಕಿನ ಸಣ್ಣ ನಡುಕ ಸತ್ತುಹೋಗುತ್ತದೆ. ಕಡಲದಂಡೆಯ ಹನ್ನೆರಡು ಅಡಿಯ ಗಟ್ಟಿ ಕೋಲಿಗೆ ಚಿಂತೆಯಿಲ್ಲ, ಅದು ಏನನ್ನಾದರೂ ಹೊರುತ್ತದೆ. ಕಟ್ಟುವ ಜಾಗವೂ ಮುಖ್ಯ. ಕಟ್ಟಕಡೆಯ ಉಂಗುರ ಮತ್ತು ಅದರ ಹಿಂದಿನದರ ನಡುವೆ, ಉಂಗುರಗಳಿರುವ ಬದಿಯ ವಿರುದ್ಧ ಬದಿಯಲ್ಲಿ ಕಟ್ಟಬೇಕು. ಇಲ್ಲದಿದ್ದರೆ ಎಸೆಯುವಾಗ ದಾರದ ಸುರುಳಿ ದೀಪಕ್ಕೆ ಸಿಕ್ಕಿ, ಸೀಸದ ಗುಂಡು ಒಂದು ಕಡೆ, ನೀವು ಒಂದು ಕಡೆ. ಕ್ಲಿಪ್ಪಿನ ಮೇಲೆ ವಿದ್ಯುತ್ ಟೇಪಿನ ಒಂದು ಸುತ್ತು ಹಾಕಿ. ಮನೆಗೆ ಹೋದ ಮೇಲೆ ಸಿಹಿನೀರಿನಲ್ಲಿ ತೊಳೆದು ಬ್ಯಾಟರಿ ಹೊರಗೆ ತೆಗೆದಿಡಿ. ಉಪ್ಪುನೀರು ಒಂದು ಹನಿ ಒಳಗೆ ಉಳಿದರೂ ಸಂಪರ್ಕಕ್ಕೆ ತುಕ್ಕು ಹಿಡಿಯುತ್ತದೆ.

ಕೆಲವರು ಇದನ್ನು ಎಲ್‌ಇಡಿ ಮೀನುಗಾರಿಕೆಯೊಂದಿಗೆ ಸೇರಿಸಿ ಗದರಿಸುತ್ತಾರೆ. ಅದು ಬೇರೆ. ದೋಣಿಯಿಂದ ಜನರೇಟರ್ ಹಚ್ಚಿ, ಭಾರಿ ದೀಪದಿಂದ ಮೀನಿನ ಹಿಂಡನ್ನೇ ಸೆಳೆದು ಬಲೆ ಬೀಸುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಗೋವಾದಲ್ಲಿಯೂ ನಮ್ಮ ಕರ್ನಾಟಕದ ಕರಾವಳಿಯಲ್ಲಿಯೂ ಸಾಂಪ್ರದಾಯಿಕ ಮೀನುಗಾರರ ಸಿಟ್ಟು ಆ ಬಗೆಯ ಮೀನುಗಾರಿಕೆಯ ಮೇಲೆ. ನಮ್ಮ ಚುಕ್ಕೆ ನೀರಿನಿಂದ ಆಳೆತ್ತರ ಮೇಲಿರುತ್ತದೆ, ಅದನ್ನು ನೋಡಿ ಬರುವ ಮೀನಿಲ್ಲ. ಆದರೂ ಮೊರ್ಜಿಂ, ಆಗೊಂದ, ಗಾಲ್ಜಿಬಾಗ್ ಕಡಲತೀರಗಳಲ್ಲಿ ಆಮೆಗಳು ಮೊಟ್ಟೆಯಿಡುವ ಕಾಲಕ್ಕೆ ಯಾವ ದೀಪವನ್ನೂ ಒಯ್ಯಬೇಡಿ. ಆಲಿವ್ ರಿಡ್ಲೆ ಮರಿಗಳು ಬೆಳಕಿನ ಜಾಡು ಹಿಡಿದು ಕಡಲಿಗೆ ಹೋಗುವಂಥವು, ಟಾರ್ಚ್ ಕಂಡರೆ ಊರ ಕಡೆ ತಿರುಗುತ್ತವೆ.

ಉರಿದು ಮುಗಿದ ಕಡ್ಡಿಗಳನ್ನು ಬಂಡೆಯ ಸಂದಿಗೆ ತುರುಕಿ ಹೋಗುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ಒಂದು ಖಾಲಿ ನೀರಿನ ಬಾಟಲಿ ತನ್ನಿ, ಅದರೊಳಗೆ ಹಾಕಿ ಮನೆಗೆ ಒಯ್ಯಿರಿ. ಕುತೂಹಲಕ್ಕೆಂದು ಕತ್ತರಿಸಬೇಡಿ, ಒಳಗೆ ಗಾಜಿನ ಚೂರಿದೆ, ದ್ರವ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಸೂಜಿ ಬ್ಯಾಟರಿಗಳ ಎರಡೂ ತುದಿಗೆ ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಬಾಯಿಗೆ ಹಾಕಿಕೊಳ್ಳಲು ಹೇಳಿ ಮಾಡಿಸಿದ ಗಾತ್ರ ಅದು, ಲಿಥಿಯಂ ಬ್ಯಾಟರಿ ನುಂಗಿದರೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.